ಬೆನ್ನುಮೂಳೆ ಬಿದಿರಾಗುವ ಮುಂಚೆಯೇ ಕಾಯಿಲೆ ಹಿಡಿಯಲು ಮುನ್ನೂರು ವರ್ಷ

1690ರ ದಶಕದಲ್ಲಿ ಬರ್ನಾರ್ಡ್ ಕಾನರ್ ಎಂಬ ಐರ್ಲೆಂಡಿನ ವೈದ್ಯನಿಗೆ ಫ್ರಾನ್ಸ್‌ನಲ್ಲಿ ಒಂದು ವಿಚಿತ್ರ ಅಸ್ಥಿಪಂಜರ ಸಿಕ್ಕಿತು. ಸೊಂಟದ ಎಲುಬು, ಹಿಂದಿನ ತ್ರಿಕೋನಾಕಾರದ ಮೂಳೆ, ಬೆನ್ನಿನ 15 ಮಣಿಗಳು, ಕೆಲವು ಪಕ್ಕೆಲುಬುಗಳು ಎಲ್ಲ ಬೆಸೆದುಕೊಂಡು ಒಂದೇ ಮೂಳೆಯಾಗಿದ್ದವು. ಬದುಕಿದ್ದಾಗ ಈ ಮನುಷ್ಯ ಬಗ್ಗಲೂ ಆಗದೆ, ತಿರುಗಲೂ ಆಗದೆ ಇದ್ದಿರಬೇಕು ಎಂದು ಕಾನರ್ ಊಹಿಸಿದ. ಊಹೆ ಸರಿಯಾಗಿಯೇ ಇತ್ತು. ಆದರೆ ಕಾಯಿಲೆ ಪತ್ತೆಯಾಗಿದ್ದು ರೋಗಿ ಸತ್ತ ಮೇಲೆ!

ಆ ಕಾಯಿಲೆಯನ್ನು ಈಗ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಎನ್ನುತ್ತೇವೆ. ಚಿಕ್ಕದಾಗಿ ಎಎಸ್. ದೇಹದ ರಕ್ಷಣಾ ವ್ಯವಸ್ಥೆಯೇ ಎಡವಟ್ಟಾಗಿ ಬೆನ್ನು ಮತ್ತು ಸೊಂಟದ ಕೀಲುಗಳಲ್ಲಿ ಉರಿಯೂತ ಹುಟ್ಟಿಸುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಕೆಲವರಲ್ಲಿ ಆ ಜಾಗದಲ್ಲಿ ಹೊಸ ಮೂಳೆ ಬೆಳೆದು ಮಣಿಗಳು ಅಂಟಿಕೊಳ್ಳುತ್ತವೆ. ಸಾಮಾನ್ಯವಾಗಿ ಶುರುವಾಗುವುದು ಇಪ್ಪತ್ತರ ಹರೆಯದಲ್ಲಿ. ಅಂದರೆ ಓದು, ಕೆಲಸ, ಮದುವೆ ಎಂದು ಓಡಾಡುವ ವಯಸ್ಸಿನಲ್ಲಿ.

ಕಾನರ್ ಆದಮೇಲೆ ಸುಮಾರು ಇನ್ನೂರು ವರ್ಷ ದೊಡ್ಡ ಬೆಳವಣಿಗೆ ಏನೂ ಇಲ್ಲ. 1893ರಲ್ಲಿ ರಷ್ಯಾದ ಬೆಖ್ಟೆರೆವ್, 1897ರಲ್ಲಿ ಜರ್ಮನಿಯ ಸ್ಟ್ರೂಂಪೆಲ್, 1898ರಲ್ಲಿ ಫ್ರಾನ್ಸ್‌ನ ಪಿಯೆರ್ ಮರೀ ಈ ಕಾಯಿಲೆಯನ್ನು ವಿವರವಾಗಿ ಬರೆದರು. ಮೂವರೂ ಬರೆದದ್ದು ಆಗಲೇ ಬೆನ್ನು ಬಾಗಿ ಸೆಟೆದು ನಿಂತ ರೋಗಿಗಳ ಬಗ್ಗೆ. ದಾರಿಯಲ್ಲಿ ನೋಡಿದರೂ ಗೊತ್ತಾಗುವ ಹಂತ ಅದು.

1895ರಲ್ಲಿ ಎಕ್ಸ್‌ರೇ ಬಂತು. ಬದುಕಿರುವವರ ಮೂಳೆ ಕಾಣತೊಡಗಿತು. ಅಂಟಿಕೊಂಡ ಬೆನ್ನುಮೂಳೆ ಫಿಲ್ಮ್‌ನಲ್ಲಿ ಗಂಟುಗಂಟಾದ ಬಿದಿರಿನ ಹಾಗೆ ಕಾಣುವುದರಿಂದ ವೈದ್ಯರು ಅದಕ್ಕೆ ಬಿದಿರು ಬೆನ್ನು ಎಂದೇ ಹೆಸರಿಟ್ಟರು. ಆಮೇಲೆ ಗೊತ್ತಾದದ್ದು ಇನ್ನೂ ಮುಖ್ಯವಾದ ಸಂಗತಿ. ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಬೆನ್ನನ್ನಲ್ಲ, ಸೊಂಟದ ಎಲುಬು ಬೆನ್ನುಮೂಳೆಯ ಬುಡಕ್ಕೆ ಸೇರುವ ಸ್ಯಾಕ್ರೋ ಇಲಿಯಾಕ್ ಕೀಲನ್ನು. ಚಪ್ಪೆಯ ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಕೀಲು ಅದು. ಒಂದು ದಿನ ಈ ಕಡೆ ನೋವು, ಇನ್ನೊಂದು ದಿನ ಆ ಕಡೆ ನೋವು ಎಂದು ರೋಗಿಗಳು ಹೇಳುವುದು ಇದಕ್ಕೇ.

ಎಕ್ಸ್‌ರೇಯನ್ನು ಚಿಕಿತ್ಸೆಗೂ ಬಳಸಿದರು. ಬೆನ್ನಿಗೆ ವಿಕಿರಣ ಕೊಟ್ಟರೆ ನೋವು ಕಡಿಮೆಯಾಗುತ್ತಿತ್ತು. 1957ರಲ್ಲಿ ಬ್ರಿಟನ್ನಿನ ಕೋರ್ಟ್ ಬ್ರೌನ್ ಮತ್ತು ರಿಚರ್ಡ್ ಡಾಲ್ ಹೀಗೆ ಚಿಕಿತ್ಸೆ ಪಡೆದ 13 ಸಾವಿರಕ್ಕೂ ಹೆಚ್ಚು ಜನರ ದಾಖಲೆ ತೆಗೆದು ನೋಡಿದಾಗ ಅವರಲ್ಲಿ ರಕ್ತದ ಕ್ಯಾನ್ಸರ್ ಜಾಸ್ತಿ ಇರುವುದು ಬಯಲಾಯಿತು. ವಿಕಿರಣ ಚಿಕಿತ್ಸೆ ಹಿಂದೆ ಸರಿಯಿತು, ಫಿಲ್ಮ್ ಮಾತ್ರ ಉಳಿಯಿತು.

ಆ ಫಿಲ್ಮ್ ಮೇಲೆಯೇ ನಿಯಮಗಳೂ ನಿಂತವು. 1961ರಲ್ಲಿ ರೋಮ್‌ನಲ್ಲಿ, 1966ರಲ್ಲಿ ನ್ಯೂಯಾರ್ಕ್‌ನಲ್ಲಿ ತಜ್ಞರು ಸೇರಿ ಯಾರನ್ನು ಎಎಸ್ ರೋಗಿ ಎನ್ನಬೇಕು ಎಂದು ಮಾನದಂಡ ಮಾಡಿದರು. 1984ರಲ್ಲಿ ನ್ಯೂಯಾರ್ಕ್ ಮಾನದಂಡವನ್ನು ತಿದ್ದಿದರು. ಅದರ ಪ್ರಕಾರ ಸ್ಯಾಕ್ರೋ ಇಲಿಯಾಕ್ ಕೀಲು ಎಕ್ಸ್‌ರೇಯಲ್ಲಿ ಹಾಳಾಗಿ ಕಾಣಲೇಬೇಕು. ಹಾನಿಗೆ ಸೊನ್ನೆಯಿಂದ ನಾಲ್ಕರವರೆಗೆ ಗ್ರೇಡ್. ಎರಡೂ ಕಡೆ ಕನಿಷ್ಠ ಎರಡು, ಇಲ್ಲವೇ ಒಂದು ಕಡೆ ಮೂರು ಅಥವಾ ನಾಲ್ಕು. ಎಡವಟ್ಟು ಇರುವುದು ಇಲ್ಲೇ. ಎಕ್ಸ್‌ರೇ ತೋರಿಸುವುದು ಉರಿಯೂತವನ್ನಲ್ಲ, ಉರಿಯೂತ ಮಾಡಿಟ್ಟ ಹಾನಿಯನ್ನು. ಅದು ಕಾಣಲು ಎಷ್ಟೋ ವರ್ಷ ಬೇಕು. ಎಕ್ಸ್‌ರೇ ನಾರ್ಮಲ್, ಏನೂ ಇಲ್ಲ ಹೋಗಿ ಎಂದು ಮನೆಗೆ ಕಳಿಸಿದವರಲ್ಲಿ ಎಷ್ಟು ಜನಕ್ಕೆ ನಿಜವಾಗಿ ಕಾಯಿಲೆ ಇತ್ತೋ! ಹೆಂಗಸರಿಗಂತೂ ಇನ್ನೂ ಅನ್ಯಾಯವಾಯಿತು. ಅವರಲ್ಲಿ ಮೂಳೆ ಅಂಟಿಕೊಳ್ಳುವುದು ಸಾಮಾನ್ಯವಾಗಿ ನಿಧಾನ, ಕಡಿಮೆ. ಹಾಗಾಗಿ ಇದು ಗಂಡಸರ ಕಾಯಿಲೆ ಎಂಬ ಮಾತು ಬಹುಕಾಲ ಪುಸ್ತಕಗಳಲ್ಲೇ ಉಳಿಯಿತು. ಎಕ್ಸ್‌ರೇಯಲ್ಲಿ ಕಾಣದ ಹಂತದಲ್ಲಿ ಗಂಡು ಹೆಣ್ಣಿನ ಪ್ರಮಾಣ ಹೆಚ್ಚು ಕಡಿಮೆ ಸಮ ಎಂಬುದು ಈಗ ತಿಳಿದಿದೆ.

ಎಕ್ಸ್‌ರೇ ಜೊತೆಗೇ ಟೇಪು ಹಿಡಿದು ಅಳೆಯುವ ವಿದ್ಯೆಯೂ ಬೆಳೆಯಿತು. 1937ರಲ್ಲಿ ಜರ್ಮನಿಯ ಶೋಬರ್ ಸೂಚಿಸಿದ ಪರೀಕ್ಷೆಯನ್ನು ತಿದ್ದಿದ ರೂಪದಲ್ಲಿ ಇವತ್ತೂ ಮಾಡುತ್ತಾರೆ. ರೋಗಿ ನೆಟ್ಟಗೆ ನಿಲ್ಲಬೇಕು. ಸೊಂಟದ ಹಿಂದೆ ಎರಡು ಗುಳಿ ಇರುತ್ತವಲ್ಲ, ಅವೆರಡರ ನೇರಕ್ಕೆ ಮಧ್ಯದಲ್ಲಿ ಪೆನ್ನಿನಿಂದ ಒಂದು ಗುರುತು. ಅಲ್ಲಿಂದ 10 ಸೆಂ.ಮೀ. ಮೇಲೆ, 5 ಸೆಂ.ಮೀ. ಕೆಳಗೆ ಇನ್ನೆರಡು. ಮಂಡಿ ಮಡಿಸದೆ ಬಗ್ಗಲು ಹೇಳಿ ಮೇಲಿನ ಕೆಳಗಿನ ಗುರುತುಗಳ ನಡುವೆ ಟೇಪು ಇಡುತ್ತಾರೆ. ಆರೋಗ್ಯವಂತ ಬೆನ್ನಾದರೆ 15 ಸೆಂ.ಮೀ. ಇದ್ದದ್ದು 20ರ ಆಚೆ ಹಿಗ್ಗುತ್ತದೆ. ಎಎಸ್ ಬಲಿತವರಲ್ಲಿ ಅದು ಅಲ್ಲಾಡುವುದೇ ಕಷ್ಟ. ಕಾಲ್ಬೆರಳು ಮುಟ್ಟಿದ ಮಾತ್ರಕ್ಕೆ ಬೆನ್ನು ಸರಿಯಿದೆ ಎಂದು ತಿಳಿಯಬೇಡಿ. ತೊಡೆ ಸೊಂಟಕ್ಕೆ ಸೇರುವ ಕೀಲು ಸಡಿಲವಿದ್ದರೆ ಬೆನ್ನು ಹಲಗೆಯಂತಿದ್ದರೂ ಕೈ ನೆಲ ಮುಟ್ಟುತ್ತದೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ ತಲೆಯ ಹಿಂಭಾಗ ಗೋಡೆ ಮುಟ್ಟುತ್ತದೆಯೇ ಎಂದೂ ನೋಡುತ್ತಾರೆ. ಎದೆಗೆ ಟೇಪು ಸುತ್ತಿ, ಉಸಿರು ಎಳೆದಾಗ ಎದೆ ಎಷ್ಟು ಹಿಗ್ಗುತ್ತದೆ ಎಂದು ಅಳೆಯುತ್ತಾರೆ. ಕಾನರ್ ಕಂಡ ಪಕ್ಕೆಲುಬುಗಳ ಬೆಸುಗೆ ಬದುಕಿರುವವರಲ್ಲಿ ತೋರುವುದು ಹೀಗೆ. ಒಂದೆರಡು ನಿಮಿಷದ ಕೆಲಸ, ಖರ್ಚೂ ಇಲ್ಲ. ಆದರೆ ಇದೂ ಕಾಯಿಲೆ ಮುಂದುವರಿದ ಮೇಲೆಯೇ ಹೆಚ್ಚು ಹೇಳುವ ಪರೀಕ್ಷೆ.

1973ರಲ್ಲಿ ದೊಡ್ಡ ತಿರುವು. ಲಂಡನ್ನಿನಲ್ಲಿ ಬ್ರೂಯರ್ಟನ್ ತಂಡ, ಲಾಸ್ ಏಂಜಲೀಸ್‌ನಲ್ಲಿ ಶ್ಲಾಸ್‌ಸ್ಟೈನ್ ಮತ್ತು ತೆರಾಸಾಕಿ ಅವರಿದ್ದ ತಂಡ ಒಂದೇ ವರ್ಷ ಒಂದೇ ವಿಷಯ ಕಂಡುಕೊಂಡವು. ಲಂಡನ್ನಿನ 75 ಎಎಸ್ ರೋಗಿಗಳಲ್ಲಿ 72 ಮಂದಿಗೆ ಎಚ್‌ಎಲ್‌ಎ ಬಿ27 ಎಂಬ ಅನುವಂಶೀಯ ಗುರುತು ಇತ್ತು. ಹೋಲಿಕೆಗೆ ತೆಗೆದುಕೊಂಡ 75 ಆರೋಗ್ಯವಂತರಲ್ಲಿ ಇದ್ದದ್ದು ಮೂವರಿಗೆ. ಒಂದು ಗುರುತಿಗೂ ಒಂದು ಕಾಯಿಲೆಗೂ ಇಷ್ಟು ಗಟ್ಟಿ ನಂಟು ಅಪರೂಪ.

ಅಂದಮೇಲೆ ಒಂದು ರಕ್ತ ಪರೀಕ್ಷೆ ಮಾಡಿಸಿದರೆ ಮುಗಿಯಿತು, ಅಲ್ವಾ? ಇಲ್ಲ. ಬಿ27 ಇರುವ ಬಹುಪಾಲು ಜನಕ್ಕೆ ಜೀವನಪೂರ್ತಿ ಈ ಕಾಯಿಲೆ ಬರುವುದಿಲ್ಲ. ಇಲ್ಲದಿದ್ದರೂ ಕೆಲವರಿಗೆ ಬರುತ್ತದೆ. ಭಾರ ಎತ್ತಿ ಸೊಂಟ ಹಿಡಿದವರಿಗೆಲ್ಲ ಸುಮ್ನೆ ಈ ಪರೀಕ್ಷೆ ಬರೆದುಕೊಟ್ಟರೆ ಸಿಗುವುದು ಗಾಬರಿ ಮಾತ್ರ. ರಿಪೋರ್ಟಿನಲ್ಲಿ ಪಾಸಿಟಿವ್ ಎಂದು ನೋಡಿ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕುತ್ತ ಕೂರುವವರು ಬೇಕಾದಷ್ಟಿದ್ದಾರೆ.

ನನ್ನ ಪ್ರಕಾರ ಇಡೀ ಚರಿತ್ರೆಯಲ್ಲಿ ಹೆಚ್ಚು ಬೆಲೆಯುಳ್ಳ ಹೆಜ್ಜೆ ಇಟ್ಟದ್ದು ಯಂತ್ರವಲ್ಲ, ಪ್ರಶ್ನೆಗಳು. 1977ರಲ್ಲಿ ಆಂಡ್ರೇ ಕೇಲಿನ್ ಮತ್ತು ಸಂಗಡಿಗರು ರೋಗಿಯ ಮಾತಿನಿಂದಲೇ ಉರಿಯೂತದ ಬೆನ್ನುನೋವನ್ನು ಬೇರ್ಪಡಿಸಬಹುದು ಎಂದು ತೋರಿಸಿದರು. ನಲವತ್ತಕ್ಕಿಂತ ಮುಂಚೆ ಶುರುವಾಯಿತೇ? ಗೊತ್ತಾಗದ ಹಾಗೆ ಮೆಲ್ಲಗೆ ಬಂತೇ? ಮೂರು ತಿಂಗಳು ದಾಟಿತೇ? ಬೆಳಗ್ಗೆ ಎದ್ದಾಗ ಬೆನ್ನು ಸೆಟೆದಿರುತ್ತದೆಯೇ? ಓಡಾಡಿದರೆ, ವ್ಯಾಯಾಮ ಮಾಡಿದರೆ ಹಗುರಾಗುತ್ತದೆಯೇ? ಮುಂದೆ ಇದಕ್ಕೆ ರಾತ್ರಿಯ ಎರಡನೇ ಭಾಗದಲ್ಲಿ ನೋವಿಗೆ ಎಚ್ಚರವಾಗುವುದೂ ಸೇರಿತು. ಮಾಮೂಲಿ ಬೆನ್ನುನೋವು ಮಲಗಿದರೆ ಕಡಿಮೆಯಾಗುತ್ತದೆ, ಕೆಲಸ ಮಾಡಿದರೆ ಜಾಸ್ತಿಯಾಗುತ್ತದೆ. ಇದು ಅದರ ತದ್ವಿರುದ್ಧ. ನಸುಕಿನ ನಾಲ್ಕಕ್ಕೆ ಎದ್ದು ಹಾಲ್‌ನಲ್ಲಿ ಅತ್ತಿತ್ತ ನಡೆದು ಮತ್ತೆ ಮಲಗುವ ಹುಡುಗನಿಗೆ ಹಾಸಿಗೆ ಬದಲಾಯಿಸು ಎಂದು ಹೇಳಿ ಕಳಿಸಿದರೆ ಏನೂ ಪ್ರಯೋಜನವಿಲ್ಲ.

ಇನ್ನೂ ಕೇಳಬೇಕಾದದ್ದಿದೆ. ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲಾಗದೆ ಕಣ್ಣಿನ ಡಾಕ್ಟರ ಬಳಿ ಹೋಗಿದ್ದಿರಾ? ಹಿಮ್ಮಡಿ ನೋವು ಇದೆಯೇ? ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ, ಕರುಳಿನ ಉರಿಯೂತ? ಮನೆಯಲ್ಲಿ ಬೇರೆ ಯಾರಿಗಾದರೂ? 1974ರಲ್ಲಿ ಇಂಗ್ಲೆಂಡಿನ ಮಾಲ್ ಮತ್ತು ರೈಟ್ ಇವೆಲ್ಲ ಒಂದೇ ಕುಟುಂಬದ ಕಾಯಿಲೆಗಳು ಎಂದು ಒಟ್ಟಿಗೆ ತಂದರು. ನಮ್ಮಲ್ಲಿ ಕಣ್ಣಿಗೊಬ್ಬ ಡಾಕ್ಟರು, ಚರ್ಮಕ್ಕೊಬ್ಬರು, ಮೂಳೆಗೊಬ್ಬರು. ರೋಗಿಯೂ ಕಣ್ಣಿನ ಸಂಗತಿಯನ್ನು ಮೂಳೆ ಡಾಕ್ಟರಿಗೆ ಹೇಳುವುದಿಲ್ಲ.

1990ರ ದಶಕದಲ್ಲಿ ಎಂಆರ್‌ಐ ಬಂದು ಎಕ್ಸ್‌ರೇ ಕಾಣದ್ದನ್ನು ತೋರಿಸಿತು. ಮೂಳೆಯ ಒಳಗಿನ ಮಜ್ಜೆಯಲ್ಲಿ ಉರಿಯೂತದಿಂದ ನೀರು ತುಂಬಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ಹಾನಿ ಆಗುವ ಮೊದಲೇ ಹಿಡಿಯಬಹುದು. 2009ರಲ್ಲಿ ಅಸಾಸ್ ಎಂಬ ಅಂತಾರಾಷ್ಟ್ರೀಯ ತಜ್ಞರ ಸಂಘ ಹೊಸ ಮಾನದಂಡ ಪ್ರಕಟಿಸಿ ಎಂಆರ್‌ಐಗೂ ಬಿ27ಗೂ ಜಾಗ ಕೊಟ್ಟಿತು. 45ರ ಒಳಗೆ ಶುರುವಾಗಿ ಮೂರು ತಿಂಗಳಿಗೂ ಹೆಚ್ಚು ಕಾಲ ಇರುವ ಬೆನ್ನುನೋವು ಅದರ ಬಾಗಿಲು. ಅದು ಸಂಶೋಧನೆಗೆ ಒಂದೇ ತರಹದ ರೋಗಿಗಳನ್ನು ಆರಿಸಲು ಮಾಡಿದ್ದು. ಆದರೆ ಎಷ್ಟೋ ಕಡೆ ಅದನ್ನೇ ರೋಗ ಪತ್ತೆಯ ಪಟ್ಟಿಯಂತೆ ಟಿಕ್ ಮಾಡತೊಡಗಿದರು. ಇದು ತಪ್ಪು. ಬೇರೆ ಕಾರಣಗಳನ್ನು ತಳ್ಳಿಹಾಕುವ ಕೆಲಸವನ್ನು ಪಟ್ಟಿ ಮಾಡುವುದಿಲ್ಲ, ಡಾಕ್ಟರೇ ಮಾಡಬೇಕು. ಓಟಗಾರರು, ಸೈನಿಕರು, ಈಚೆಗೆ ಹೆರಿಗೆಯಾದ ತಾಯಂದಿರ ಎಂಆರ್‌ಐಯಲ್ಲೂ ಇದೇ ಬಿಳಿ ಹೊಳಪು ಕಾಣಬಹುದು ಎಂದು ಆಮೇಲಿನ ಅಧ್ಯಯನಗಳು ತೋರಿಸಿವೆ.

ನಮ್ಮಲ್ಲಿ ಎಡವಟ್ಟು ಇನ್ನೊಂದು ರೀತಿಯದು. ಬೆನ್ನುನೋವು ಎಂದರೆ ಎಲ್‌ಎಸ್ ಸ್ಪೈನ್, ಅಂದರೆ ಕೆಳಬೆನ್ನಿನ ಎಂಆರ್‌ಐ ಬರೆಯುತ್ತಾರೆ. ಅದು ಮಣಿಗಳ ನಡುವಿನ ಮೆತ್ತೆಯನ್ನು, ಅಂದರೆ ಡಿಸ್ಕ್ ಅನ್ನು ನೋಡಲು ಮಾಡಿದ್ದು, ಸ್ಯಾಕ್ರೋ ಇಲಿಯಾಕ್ ಕೀಲು ಅದರಲ್ಲಿ ಪೂರ್ತಿ ಬರುವುದೇ ಇಲ್ಲ. ಸಣ್ಣ ಡಿಸ್ಕ್ ಉಬ್ಬು ಯಾರಲ್ಲಿ ಬೇಕಾದರೂ ಸಿಗುತ್ತದೆ. ರಿಪೋರ್ಟ್ ಬರುತ್ತದೆ, ಡಿಸ್ಕ್ ಪ್ರಾಬ್ಲಮ್ ಎನ್ನುತ್ತಾರೆ, ಬೆಲ್ಟ್ ಕೊಡುತ್ತಾರೆ, ರೆಸ್ಟ್ ಮಾಡಿ ಎನ್ನುತ್ತಾರೆ. ಎಎಸ್ ಇರುವವರಿಗೆ ಕೊಡಬಾರದ ಸಲಹೆ ಇದು! 2009ರಲ್ಲಿ ಪ್ರಕಟವಾದ ಭಾರತದ ಒಂದು ಅಧ್ಯಯನದಲ್ಲಿ ನೋವು ಶುರುವಾಗಿ ಕಾಯಿಲೆ ಗೊತ್ತಾಗಲು ಸರಾಸರಿ ಸುಮಾರು ಏಳು ವರ್ಷ ಹಿಡಿದಿತ್ತು.

ಕರ್ನಾಟಕದಲ್ಲಿ ಇದೇ ವೇಷದಲ್ಲಿ ಬರುವ ಬೇರೆ ಕಾಯಿಲೆಗಳೂ ಇವೆ. ಪಾವಗಡ, ಮುಂಡರಗಿ, ಕೋಲಾರದಂಥ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದವರ ಬೆನ್ನೂ ಸೆಟೆಯುತ್ತದೆ, ಎಕ್ಸ್‌ರೇಯಲ್ಲಿ ಎಎಸ್ ಎಂದೇ ಮೋಸ ಹೋಗಬಹುದು. ಮುಂಗೈಯ ಎಕ್ಸ್‌ರೇ ತೆಗೆದು ಎರಡು ಮೂಳೆಗಳ ನಡುವಿನ ಪೊರೆಯಲ್ಲಿ ಸುಣ್ಣ ಕಟ್ಟಿದೆಯೇ ಎಂದು ನೋಡಿದರೆ ಫ್ಲೋರೋಸಿಸ್‌ನ ಸುಳಿವು ಸಿಗುತ್ತದೆ. ಒಂದೇ ಕಡೆಯ ಕೀಲು ಹಿಡಿದಿದ್ದರೆ, ಜ್ವರವೂ ಇದ್ದರೆ, ಟಿಬಿ ಮತ್ತು ಪ್ರಾಣಿಗಳಿಂದ ಹರಡುವ ಬ್ರೂಸೆಲ್ಲೋಸಿಸ್ ಎಂಬ ಸೋಂಕು ನೆನಪಾಗಬೇಕು. ದನ, ಕುರಿ ಸಾಕುವವರು, ಹಸಿ ಹಾಲು ಕುಡಿಯುವವರಲ್ಲಿ ಬರುವ ಈ ಬ್ರೂಸೆಲ್ಲೋಸಿಸ್ ಬಗ್ಗೆ ವಿಜಯಪುರದ ವೈದ್ಯರು ಸಾಕಷ್ಟು ದಾಖಲಿಸಿದ್ದಾರೆ. ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್‌ಗೂ ಎಎಸ್ ಇತ್ತು ಎಂದು ಬಹುಕಾಲ ನಂಬಿದ್ದರು. 2014ರಲ್ಲಿ ಮಮ್ಮಿಯ ಸಿಟಿ ಸ್ಕ್ಯಾನ್ ಅಧ್ಯಯನ ಪ್ರಕಟವಾದಾಗ ಅದು ವಯಸ್ಸಾದವರಲ್ಲಿ ಬರುವ ಬೇರೆಯೇ ತೊಂದರೆ ಎಂದು ಗೊತ್ತಾಯಿತು.

ಕಾಯಿಲೆ ಗೊತ್ತಾದ ಮೇಲೆ ಅದು ಎಷ್ಟು ಚುರುಕಾಗಿದೆ ಎಂದು ಅಳೆಯಬೇಕು. ಇಂಗ್ಲೆಂಡಿನ ಬಾತ್ ಊರಿನಲ್ಲಿ 1994ರಲ್ಲಿ ರೂಪುಗೊಂಡ ಬಾಸ್ಡೈ ಎಂಬ ಆರು ಪ್ರಶ್ನೆಗಳ ಪಟ್ಟಿಯನ್ನು ರೋಗಿಯೇ ತುಂಬುತ್ತಾನೆ. ಸುಸ್ತು, ನೋವು, ಊತ, ಬೆಳಗಿನ ಬಿಗಿತ. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಬಂದರೆ ಕಾಯಿಲೆ ಚುರುಕಾಗಿದೆ ಎಂದರ್ಥ. ಆದರೆ ನಿದ್ದೆಗೆಟ್ಟವರಿಗೂ ಸುಸ್ತಾಗುತ್ತದಲ್ಲ? ಹಾಗಾಗಿ ಆಮೇಲೆ ಬಂದ ಆಸ್ಡಾಸ್ ಲೆಕ್ಕದಲ್ಲಿ ರೋಗಿಯ ಉತ್ತರಗಳ ಜೊತೆ ಉರಿಯೂತ ತೋರಿಸುವ ರಕ್ತ ಪರೀಕ್ಷೆಗಳಾದ ಸಿಆರ್‌ಪಿ ಅಥವಾ ಇಎಸ್‌ಆರ್ ಸೇರಿಸಿದರು. 1.3ಕ್ಕಿಂತ ಕಡಿಮೆ ಇದ್ದರೆ ಕಾಯಿಲೆ ತಣ್ಣಗಿದೆ, 3.5 ದಾಟಿದರೆ ಬಹಳ ಜೋರಾಗಿದೆ. ಸಿಆರ್‌ಪಿ ನಾರ್ಮಲ್ ಇದ್ದೂ ಕಾಯಿಲೆ ಇರುವವರು ಕಡಿಮೆಯೇನಿಲ್ಲ, ಅದೊಂದನ್ನೇ ನಂಬುವಂತಿಲ್ಲ.

ಈ ಅಂಕಿಗಳಿಗೆ ಬೆಲೆ ಬಂದದ್ದು 2000ದ ನಂತರ, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಬಯಾಲಜಿಕ್ ಇಂಜೆಕ್ಷನ್‌ಗಳು ಬಂದಮೇಲೆ. ಅವು ದುಬಾರಿ, ಮೈಯಲ್ಲಿ ಅಡಗಿದ ಟಿಬಿಯನ್ನು ಎಬ್ಬಿಸುವ ಅಪಾಯವೂ ಇದೆ. ಅದಕ್ಕೇ ಮೊದಲು ನೋವಿನ ಮಾತ್ರೆ ಮತ್ತು ವ್ಯಾಯಾಮ. ಅದರಿಂದ ಅಂಕ ಇಳಿಯದಿದ್ದರೆ ಟಿಬಿ ಪರೀಕ್ಷೆ ಮಾಡಿ ಇಂಜೆಕ್ಷನ್. ಕೆಲವು ತಿಂಗಳ ಬಳಿಕ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಅಂಕ ಇಳಿದಿದೆಯೇ ನೋಡಿ, ಮುಂದುವರಿಸಬೇಕೋ ಬದಲಿಸಬೇಕೋ ಎಂದು ತೀರ್ಮಾನಿಸುತ್ತಾರೆ.