ಹತ್ತು ವರ್ಷ ಮನೆಯಲ್ಲಿದ್ದ ನರ್ಸ್ ಮತ್ತೆ ವಾರ್ಡಿಗೆ ಹೋಗಬಹುದಾ?

ಓದುಗರ ಪ್ರಶ್ನೆ: ನಾನು 2009ರಲ್ಲಿ ಮಂಗಳೂರಿನಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿದೆ. ಐದು ವರ್ಷ ಅಲ್ಲೇ ಕೆಲಸ ಮಾಡಿದೆ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಕೆಲಸ ಬಿಟ್ಟೆ. ಈಗ ಮಕ್ಕಳಿಬ್ಬರೂ ಶಾಲೆಗೆ ಹೋಗುತ್ತಾರೆ. ಕರ್ನಾಟಕದ ರಿಜಿಸ್ಟ್ರೇಷನ್ ರಿನ್ಯೂ ಮಾಡಿಸದೆ ಎಷ್ಟೋ ವರ್ಷ ಆಯಿತು. ಮುಂಬೈಯಲ್ಲಿ ಮತ್ತೆ ನರ್ಸ್ ಆಗಿ ಸೇರಬೇಕು ಅಂತ ಆಸೆ. ಪರೀಕ್ಷೆ ಮತ್ತೆ ಬರೆಯಬೇಕಾ? ಏನೇನು ಬೇಕು?

ಪರೀಕ್ಷೆ ಬರೆಯಬೇಕಾಗಿಲ್ಲ. ಮೊದಲು ಆ ಭಯ ಬಿಡಿ. ನಿಮ್ಮ ಜಿಎನ್‌ಎಂ ಎಲ್ಲೂ ಹೋಗಿಲ್ಲ, ಡಿಪ್ಲೊಮಾ ಹಳೆಯದಾಗುವುದಿಲ್ಲ. ಅವಧಿ ಮುಗಿದಿರುವುದು ರಿಜಿಸ್ಟ್ರೇಷನ್‌ನದ್ದು ಮಾತ್ರ. ಅದನ್ನು ಸರಿ ಮಾಡಿಸುವುದು ಓಡಾಟದ ಕೆಲಸ, ಕಷ್ಟದ ಕೆಲಸವಲ್ಲ. ಕಷ್ಟದ್ದು ಬೇರೆ ಇದೆ. ಅದನ್ನು ಯಾವ ಕೌನ್ಸಿಲ್ಲೂ ನಿಮ್ಮನ್ನು ಕೇಳುವುದಿಲ್ಲ. ಹಾಗಾಗಿ ನೀವೇ ಕೇಳಿಕೊಳ್ಳಬೇಕು.

ಇದೇ ಪ್ರಶ್ನೆಯನ್ನು ಮೀರಾ ರೋಡ್, ನಾಲಾಸೋಪಾರ, ನೆರೂಳ್ ಕಡೆಯ ನಮ್ಮವರು ತುಂಬಾ ಜನ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಕೇಳಿದ್ದಾರೆ. ಮಂಗಳೂರು, ಉಡುಪಿ, ಕಲಬುರಗಿ, ವಿಜಯಪುರದಲ್ಲಿ ಓದಿ, ಮದುವೆಯಾಗಿ ಈ ಕಡೆ ಬಂದು, ಮಕ್ಕಳು ಮರಿ ಅಂತ ಕೆಲಸ ಬಿಟ್ಟವರು ಅಷ್ಟು ಜನ ಇದ್ದಾರೆ. ಅತ್ತ ಆಸ್ಪತ್ರೆಗಳವರು ಸಿಸ್ಟರ್ ಸಿಗುತ್ತಿಲ್ಲ ಅಂತ ಗೋಳಾಡುತ್ತಾರೆ.

ಸರಿ, ಕಾಗದಪತ್ರದಿಂದಲೇ ಶುರು ಮಾಡೋಣ.

ನಮ್ಮ ದೇಶದಲ್ಲಿ ನರ್ಸ್‌ಗಳ ರಿಜಿಸ್ಟ್ರೇಷನ್ ರಾಜ್ಯದ ಕೈಯಲ್ಲಿದೆ. ನಿಮ್ಮ ಹೆಸರಿರುವುದು ಬೆಂಗಳೂರಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಪುಸ್ತಕದಲ್ಲಿ. ಅದು 1961ರ ಕರ್ನಾಟಕ ಕಾಯ್ದೆಯ ಕೆಳಗೆ ಬರುತ್ತದೆ. ಮುಂಬೈಯಲ್ಲಿ ಕೆಲಸ ಮಾಡಬೇಕಾದರೆ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ಬೇಕು. ಅದಕ್ಕೆ 1966ರ ಮಹಾರಾಷ್ಟ್ರ ನರ್ಸಸ್ ಕಾಯ್ದೆ. ಎರಡು ರಾಜ್ಯ, ಎರಡು ಕಚೇರಿ. ಹಾಗಾಗಿ ಕೆಲಸವೂ ಎರಡು. ಮೊದಲು ಬೆಂಗಳೂರಿನದ್ದನ್ನು ರಿನ್ಯೂ ಮಾಡಿಸಿ. ಆಮೇಲೆ ಅಲ್ಲಿಂದ ಎನ್‌ಒಸಿ (ಅಭ್ಯಂತರವಿಲ್ಲ ಅನ್ನುವ ಪತ್ರ) ಮತ್ತು ವೆರಿಫಿಕೇಷನ್ ತರಿಸಿಕೊಂಡು ಇಲ್ಲಿ ಅರ್ಜಿ ಹಾಕಿ. ಇದಕ್ಕೆ ರೆಸಿಪ್ರೋಕಲ್ ರಿಜಿಸ್ಟ್ರೇಷನ್ ಅನ್ನುತ್ತಾರೆ. ಬೆಂಗಳೂರಿನದ್ದು ಹಾಗೇ ಬಿದ್ದಿರಲಿ, ನೇರವಾಗಿ ಇಲ್ಲೇ ಮಾಡಿಸಿಬಿಡೋಣ ಅಂತ ಹೊರಟರೆ ಎರಡೂ ಕಡೆ ಅಲೆಯುವುದೇ ಆಗುತ್ತದೆ. ತಡವಾಗಿದ್ದಕ್ಕೆ ದಂಡ ಕಟ್ಟಬೇಕಾಗುತ್ತದೆ. ಮೊತ್ತ ಆಗಾಗ ಬದಲಾಗುತ್ತದೆ, ಕೌನ್ಸಿಲ್‌ನ ವೆಬ್‌ಸೈಟಿನಲ್ಲಿ ಇರುವುದನ್ನೇ ನಂಬಿ, ಏಜೆಂಟ್ ಹೇಳಿದ್ದನ್ನಲ್ಲ.

ಈ ಓಡಾಟದಲ್ಲಿ ನಮ್ಮವರು ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ, ಹೆಸರು. ಕರ್ನಾಟಕದ ಮಾರ್ಕ್ಸ್‌ಕಾರ್ಡಿನಲ್ಲಿ ಹೆಸರು, ಪಕ್ಕದಲ್ಲೊಂದು ಇನಿಷಿಯಲ್, ಅಷ್ಟೇ. ಮಹಾರಾಷ್ಟ್ರದ ಅರ್ಜಿಯಲ್ಲಿ ಮೊದಲು ಸರ್‌ನೇಮ್, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನದೋ ಗಂಡನದೋ ಹೆಸರು. ಆಧಾರ್‌ನಲ್ಲಿ ಮದುವೆಯ ನಂತರದ ಹೆಸರು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಒಬ್ಬರೇ ಮನುಷ್ಯರು, ನಾಲ್ಕು ಹೆಸರು! ಮದುವೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಹೆಸರೇ ಪೂರ್ತಿ ಬದಲಾಗಿದ್ದರೆ ಗೆಜೆಟ್‌ನಲ್ಲಿ ಹಾಕಿಸಿ. ಅರ್ಜಿ ಹಾಕುವ ಮೊದಲೇ ಇದನ್ನು ಮುಗಿಸಿದರೆ ಅರ್ಧ ತಲೆನೋವು ಹೋದಂತೆ.

ಇನ್ನೊಂದು ಹೊಸದು ಇದೆ. ನೀವು ಓದಿದಾಗ ಇರಲಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ಈಗ ಪ್ರತಿ ನರ್ಸ್‌ಗೂ ಒಂದು ರಾಷ್ಟ್ರೀಯ ನಂಬರ್ ಕೊಡುತ್ತದೆ, ಎನ್‌ಯುಐಡಿ ಅಂತ. ಆಧಾರ್ ಜೊತೆ ಜೋಡಿಸಿ ರಾಜ್ಯ ಕೌನ್ಸಿಲ್ ಮೂಲಕವೇ ಮಾಡಿಸಬೇಕು. ರಿನ್ಯೂವಲ್ ಜೊತೆಗೇ ಮುಗಿಸಿಕೊಳ್ಳಿ. ಕಾನೂನೂ ಬದಲಾಗುತ್ತಿದೆ. 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ಸಂಸತ್ತು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆಯನ್ನು ತಂದಿದೆ. ರಾಷ್ಟ್ರೀಯ ರಿಜಿಸ್ಟರ್, ರಾಜ್ಯ ರಿಜಿಸ್ಟರ್ ಎರಡೂ ಅದರಲ್ಲಿವೆ. ಮುಂದೆ ಲೆಕ್ಕಾಚಾರ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಅದಕ್ಕೇ ಈಗಲೇ ಮಾಡಿಸಿಕೊಳ್ಳಿ ಅನ್ನುವುದು.

ಇನ್ನು ಸಿಎನ್‌ಇ, ಅಂದರೆ ಕಂಟಿನ್ಯೂಯಿಂಗ್ ನರ್ಸಿಂಗ್ ಎಜುಕೇಷನ್. ನರ್ಸ್ ಓದು ಮುಗಿಸಿದ ಮೇಲೂ ಕಲಿಯುತ್ತಿರಬೇಕು ಅನ್ನುವ ನಿಯಮ. ರಿಜಿಸ್ಟ್ರೇಷನ್ ಐದು ವರ್ಷಕ್ಕೊಮ್ಮೆ ರಿನ್ಯೂ ಆಗಬೇಕು. ಭಾರತೀಯ ನರ್ಸಿಂಗ್ ಕೌನ್ಸಿಲ್ ಹಾಕಿಕೊಟ್ಟ ಅಳತೆ ಐದು ವರ್ಷಕ್ಕೆ 150 ಗಂಟೆ, ಅಂದರೆ ವರ್ಷಕ್ಕೆ 30. ರಾಜ್ಯ ಕೌನ್ಸಿಲ್‌ಗಳು ಇದನ್ನು ತಮ್ಮ ತಮ್ಮ ಪಾಯಿಂಟ್ ಲೆಕ್ಕಕ್ಕೆ ಇಳಿಸಿಕೊಳ್ಳುತ್ತವೆ. ಈ ಗಂಟೆಗಳು ದೊಡ್ಡ ಆಸ್ಪತ್ರೆಗಳ ನರ್ಸಿಂಗ್ ಶಿಕ್ಷಣ ವಿಭಾಗದಲ್ಲಿ, ನರ್ಸಿಂಗ್ ಕಾಲೇಜುಗಳಲ್ಲಿ, 1908ರಿಂದ ಇರುವ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್‌ನ ಕಾರ್ಯಕ್ರಮಗಳಲ್ಲಿ ಸಿಗುತ್ತವೆ. ಒಂದು ಎಚ್ಚರಿಕೆ. ಸರ್ಟಿಫಿಕೇಟಿನ ಮೇಲೆ ಕೌನ್ಸಿಲ್‌ನ ಮಾನ್ಯತೆ ಮತ್ತು ಗಂಟೆ ಅಥವಾ ಪಾಯಿಂಟ್ ಬರೆದಿರಬೇಕು. ವಾಟ್ಸಾಪ್‌ನಲ್ಲಿ ಬರುವ ಆನ್‌ಲೈನ್ ವೆಬಿನಾರ್‌ಗಳಲ್ಲಿ ಎಷ್ಟೋ ಸುಮ್ನೆ ಬಣ್ಣದ ಕಾಗದ. ಸೇರುವ ಮೊದಲೇ ಯಾವ ಕೌನ್ಸಿಲ್ ಮಾನ್ಯ ಮಾಡಿದೆ ಅಂತ ಕೇಳಿ, ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.

ಈಗ ನನಗೆ ನಿಜವಾಗಿ ಹೇಳಬೇಕಾದ ಮಾತು. ಈ ಗಂಟೆಗಳನ್ನು ಹಾಲ್‌ನಲ್ಲಿ ಕುರ್ಚಿ ಮೇಲೆ ಕೂತು ತುಂಬಿಸಬಹುದು. ಬೆಳಿಗ್ಗೆ ಉದ್ಘಾಟನೆ, ದೀಪ, ಭಾಷಣ, ಚಹಾ, ಎರಡು ಲೆಕ್ಚರ್, ಊಟ. ಕಲಿಯುವವರು ಅಲ್ಲೂ ಕಲಿಯುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲಸ ಬಿಡದೆ ಇದ್ದವರಿಗೂ ಹತ್ತು ವರ್ಷ ಮನೆಯಲ್ಲಿದ್ದವರಿಗೂ ಒಂದೇ ಅಳತೆ ಹಿಡಿಯುವುದು ಸರಿಯಾ? ಬ್ರಿಟನ್ನಿನಲ್ಲಿ ಮೂರು ವರ್ಷಕ್ಕೊಮ್ಮೆ ರೀವ್ಯಾಲಿಡೇಷನ್, ಅಂದರೆ ರಿಜಿಸ್ಟ್ರೇಷನ್ ಮುಂದುವರಿಸಲು ಪರಿಶೀಲನೆ. 35 ಗಂಟೆ ಕಲಿಕೆಯ ಜೊತೆಗೆ 450 ಗಂಟೆ ಕೆಲಸ ಮಾಡಿದ್ದನ್ನೂ ತೋರಿಸಬೇಕು. ಬಿಟ್ಟು ಹೋದವರು ಮರಳಬೇಕಾದರೆ ರಿಟರ್ನ್ ಟು ಪ್ರಾಕ್ಟೀಸ್ ಕೋರ್ಸ್ ಮಾಡಬೇಕು, ಇಲ್ಲವೇ ಸಾಮರ್ಥ್ಯದ ಪರೀಕ್ಷೆ ಪಾಸಾಗಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೆ 30 ಗಂಟೆ ಕಲಿಕೆ. ಲೈಸೆನ್ಸ್ ಮುಗಿದು ಎಂಟು ವರ್ಷ ದಾಟಿತೋ, ಬೇರೆ ಕಡೆಯ ಚಾಲ್ತಿ ಲೈಸೆನ್ಸ್ ತೋರಿಸಬೇಕು ಅಥವಾ ಪರೀಕ್ಷೆ ಮತ್ತೆ ಬರೆಯಬೇಕು. ನಮ್ಮಲ್ಲಿ ಗ್ಯಾಪ್ ಎಷ್ಟೇ ಇರಲಿ, ಗಂಟೆ ತೋರಿಸಿ ಶುಲ್ಕ ಕಟ್ಟಿದರೆ ಮುಗಿಯಿತು. ನಿಮ್ಮ ಕೈ ಇನ್ನೂ ಪಳಗಿದೆಯಾ ಅಂತ ಯಾರೂ ನೋಡುವುದಿಲ್ಲ. ನಿಮಗೆ ಇದು ಅನುಕೂಲವೇ. ಪೇಷಂಟ್‌ಗೆ ಅಲ್ಲ.

ಈ ಹತ್ತು ವರ್ಷದಲ್ಲಿ ವಾರ್ಡ್ ಎಷ್ಟು ಬದಲಾಗಿದೆ ಅನ್ನುವುದಕ್ಕೆ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು) ಒಂದೇ ಸಾಕು. ನೀವು ಕಾಲೇಜಿನಲ್ಲಿ ಕಲಿತದ್ದು ಎ-ಬಿ-ಸಿ. ಮೊದಲು ಶ್ವಾಸನಾಳ ತೆರೆಯಿರಿ, ಉಸಿರು ಕೊಡಿ, ಆಮೇಲೆ ಎದೆ ಒತ್ತಿ. 2010ರಲ್ಲೇ ಅದು ಸಿ-ಎ-ಬಿ ಆಯಿತು. ಮೊದಲು ಎದೆ ಒತ್ತಬೇಕು. 2015ರಲ್ಲಿ ಮೇಲಿನ ಮಿತಿಯನ್ನೂ ಹಾಕಿದರು. ನಿಮಿಷಕ್ಕೆ 100ರಿಂದ 120, ಆಳ 5 ಸೆಂಟಿಮೀಟರ್‌ಗೆ ಕಡಿಮೆ ಇಲ್ಲ, 6ಕ್ಕಿಂತ ಜಾಸ್ತಿ ಇಲ್ಲ. ಜೋರಾಗಿ, ಬೇಗ ಒತ್ತಿದರೆ ಒಳ್ಳೆಯದು ಅಂದುಕೊಂಡು 140ರ ವೇಗದಲ್ಲಿ ಒತ್ತುವವರನ್ನು ನೋಡಿದ್ದೇನೆ. ಹೃದಯಕ್ಕೆ ರಕ್ತ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಬಿಎಲ್‌ಎಸ್ (ಬೇಸಿಕ್ ಲೈಫ್ ಸಪೋರ್ಟ್) ಕೋರ್ಸಿಗೆ ಹೋಗಿ ಗೊಂಬೆಯ ಎದೆ ಮೇಲೆ ಬೆವರು ಸುರಿಸಲೇಬೇಕು. ಆ ಕಾರ್ಡ್ ಎರಡು ವರ್ಷ ಮಾತ್ರ ಚಾಲ್ತಿ. ಮುಂಬೈಯ ಆಸ್ಪತ್ರೆಗಳು ಇಂಟರ್‌ವ್ಯೂನಲ್ಲಿ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು.

ಕಸದ ಡಬ್ಬಿಗಳೂ ಬದಲಾಗಿವೆ. ನೀವು ಕಲಿತದ್ದು 1998ರ ನಿಯಮ. 2016ರಲ್ಲಿ ಹೊಸ ಬಯೋಮೆಡಿಕಲ್ ವೇಸ್ಟ್ ನಿಯಮ ಬಂತು. ಈಗ ರಕ್ತ ಹತ್ತಿದ ಹತ್ತಿ, ಡ್ರೆಸ್ಸಿಂಗ್ ಹಳದಿಗೆ. ಐವಿ ಸೆಟ್, ಕ್ಯಾಥೆಟರ್, ಗ್ಲೌಸ್ ಕೆಂಪಿಗೆ. ಸೂಜಿ, ಬ್ಲೇಡ್ ಚುಚ್ಚಲಾಗದ ಬಿಳಿ ಡಬ್ಬಿಗೆ. ಗಾಜಿನ ವಯಲ್, ಆಂಪ್ಯೂಲ್ ನೀಲಿಗೆ. ಚೀಲಕ್ಕೆ ಬಾರ್‌ಕೋಡ್. ಇದು ಒಂದು ವಾರದಲ್ಲಿ ಕೈಗೆ ಹತ್ತುತ್ತದೆ, ಹೆದರಬೇಡಿ. ಹೆದರಬೇಕಾದದ್ದು ಸೂಜಿಗೆ ಮುಚ್ಚಳ ಮತ್ತೆ ಹಾಕುವ ಹಳೆಯ ಚಾಳಿಗೆ. ಎರಡೂ ಕೈಯಲ್ಲಿ ಹಿಡಿದು ಮುಚ್ಚಲು ಹೋಗಿ ಬೆರಳಿಗೆ ಚುಚ್ಚಿಕೊಳ್ಳುವವರು ಇವತ್ತಿಗೂ ಇದ್ದಾರೆ.

ಎಲ್ಲಕ್ಕಿಂತ ಜಾಸ್ತಿ ಚಿಂತೆ ನನಗೆ ಲೆಕ್ಕದ್ದು. ನಿಮ್ಮ ಕಾಲದಲ್ಲಿ 500 ಎಂಎಲ್ ಸಲೈನ್ ಎಂಟು ಗಂಟೆಗೆ ಅಂದರೆ, ಎಂಎಲ್‌ಗೆ 20 ಹನಿಯ ಸೆಟ್ ಇದ್ದರೆ ನಿಮಿಷಕ್ಕೆ 21 ಹನಿ ಅಂತ ಗಡಿಯಾರ ನೋಡಿ ಎಣಿಸುತ್ತಿದ್ದಿರಿ. ಈಗ ಇನ್‌ಫ್ಯೂಷನ್ ಪಂಪ್‌ನಲ್ಲಿ ಗಂಟೆಗೆ 62.5 ಎಂಎಲ್ ಅಂತ ಒತ್ತಿದರೆ ಆಯಿತು. ಅಷ್ಟು ಸುಲಭ. ಆದರೆ ಅದೇ ಪಂಪ್‌ನಲ್ಲಿ ಬಿಪಿ ಏರಿಸುವ ಔಷಧಿ ನಾರ್‌ಅಡ್ರಿನಲಿನ್ ಹಾಕಿದಾಗ? 50 ಎಂಎಲ್‌ನಲ್ಲಿ 4 ಮಿಲಿಗ್ರಾಂ ಬೆರೆಸಿದ್ದಾರೆ, ಪೇಷಂಟ್ 60 ಕೆಜಿ, ಡಾಕ್ಟರ್ ಬರೆದದ್ದು ಕೆಜಿಗೆ ನಿಮಿಷಕ್ಕೆ 0.1 ಮೈಕ್ರೋಗ್ರಾಂ. ನಿಮಿಷಕ್ಕೆ 6 ಮೈಕ್ರೋಗ್ರಾಂ, ಗಂಟೆಗೆ 360. ಒಂದು ಎಂಎಲ್‌ನಲ್ಲಿ ಇರುವುದು 80. ಹಾಗಾದರೆ ಗಂಟೆಗೆ 4.5 ಎಂಎಲ್. ಚುಕ್ಕಿ ಬಿಟ್ಟು 45 ಒತ್ತಿದರೆ ಹತ್ತು ಪಟ್ಟು ಔಷಧಿ ಹೋಗುತ್ತದೆ, ಬಿಪಿ ಎಲ್ಲಿಗೋ ಏರಿ ನಿಲ್ಲುತ್ತದೆ. ಪಂಪ್ ಹೇಳಿದಷ್ಟು ಕೊಡುತ್ತದೆ, ತಪ್ಪಾ ಸರಿಯಾ ಅಂತ ಅದು ಕೇಳುವುದಿಲ್ಲ. ಇಂಥ ಲೆಕ್ಕಗಳನ್ನು ಮನೆಯಲ್ಲೇ, ಮಕ್ಕಳು ಹೋಂವರ್ಕ್ ಮಾಡುವಾಗ ಪಕ್ಕದಲ್ಲಿ ಕೂತು ದಿನಾ ಎರಡು ಮೂರು ಮಾಡಿ. ಪೆನ್ನಿನಲ್ಲಿ ಮಾಡಿ, ಮೊಬೈಲ್ ಕ್ಯಾಲ್ಕುಲೇಟರ್ ಕೊನೆಗೆ ತಾಳೆ ನೋಡಲು ಮಾತ್ರ.

ಇನ್ನು ಕೈ ಪಳಗಿಸುವುದು ಎಲ್ಲಿ? ಇದಕ್ಕೆ ನಮ್ಮಲ್ಲಿ ಸಿದ್ಧ ವ್ಯವಸ್ಥೆ ಅಂತ ಕೈಗೆ ಸಿಗುವುದು ಕಡಿಮೆ. ಹಾಗಾಗಿ ಆಸ್ಪತ್ರೆಯ ಮೇಟ್ರನ್ ಅಥವಾ ನರ್ಸಿಂಗ್ ಸೂಪರಿಂಟೆಂಡೆಂಟ್ ಬಳಿ ನೇರವಾಗಿ ಮಾತಾಡಿ. 'ಗ್ಯಾಪ್ ಇದೆ, ಸಂಬಳ ಸ್ವಲ್ಪ ಕಡಿಮೆ ಆದರೂ ಪರವಾಗಿಲ್ಲ, ಕೆಲವು ವಾರ ಸೀನಿಯರ್ ಜೊತೆ ಹಾಕಿ' ಅಂತ. ಗ್ಯಾಪ್ ಮುಚ್ಚಿಡುವುದಕ್ಕಿಂತ ಹೀಗೆ ಕೇಳುವವರಿಗೆ ಮೇಟ್ರನ್‌ಗಳು ಬೆಲೆ ಕೊಡುತ್ತಾರೆ. ಹಿಂದೆ ಐಸಿಯುನಲ್ಲಿ ಇದ್ದಿದ್ದರೂ ಮೊದಲು ಜನರಲ್ ವಾರ್ಡ್ ಕೇಳಿ. ಅಲ್ಲಿ ಕ್ಯಾನುಲಾ, ಕ್ಯಾಥೆಟರ್, ಡ್ರೆಸ್ಸಿಂಗ್, ಇನ್ಸುಲಿನ್ ದಿನಾ ಇರುತ್ತವೆ, ಕೈ ಬೇಗ ತಿರುಗುತ್ತದೆ. ಇನ್ಸುಲಿನ್ ಅಂದಾಗ ನೆನಪಾಯಿತು. ಎಂಎಲ್‌ಗೆ 40 ಯೂನಿಟ್ ಇರುವ ಯು-40 ವಯಲ್‌ಗೆ ಯು-40 ಸಿರಿಂಜ್, 100 ಯೂನಿಟ್ ಇರುವ ಯು-100ಕ್ಕೆ ಯು-100. ನಮ್ಮ ದೇಶದಲ್ಲಿ ಎರಡೂ ಮಾರಾಟದಲ್ಲಿವೆ, ಅದಲು ಬದಲಾದರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಡಿಮೆ ಆಗುತ್ತದೆ.

ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮ್‌ನವರು 'ರಿಜಿಸ್ಟ್ರೇಷನ್ ಆಮೇಲೆ ನೋಡೋಣ, ನಾಳೆಯಿಂದ ಬನ್ನಿ' ಅಂದರೆ ಹೋಗಬೇಡಿ. ಹೋಂ ಕೇರ್ ಏಜೆನ್ಸಿಗಳೂ ಹಾಗೇ ಕರೆಯುತ್ತವೆ. ಡೊಂಬಿವಲಿಯಿಂದ ಸೆಂಟ್ರಲ್ ಲೈನ್‌ನ ಬೆಳಗಿನ ನೂಕುನುಗ್ಗಲಿನಲ್ಲಿ ದಾದರ್‌ಗೆ ಹೋಗುವ ಬದಲು ಮನೆ ಪಕ್ಕದಲ್ಲೇ ಕೆಲಸ ಅಂದರೆ ಯಾರಿಗೆ ಬೇಡ? ಆದರೆ ಏನಾದರೂ ಎಡವಟ್ಟಾದ ದಿನ ಚಾಲ್ತಿ ರಿಜಿಸ್ಟ್ರೇಷನ್ ಇಲ್ಲದ ನರ್ಸ್ ಪರ ಯಾರೂ ನಿಲ್ಲುವುದಿಲ್ಲ. ಅಲ್ಲಿ ನಿಮಗೆ ಕಲಿಸುವ ಸೀನಿಯರ್ ಕೂಡ ಇರುವುದಿಲ್ಲ, ರಾತ್ರಿ ಪಾಳಿಗೆ ನೀವೊಬ್ಬರೇ.

ಮರಾಠಿ ಬರುತ್ತಾ ಅಂತ ಇಂಟರ್‌ವ್ಯೂನಲ್ಲಿ ಕೇಳಿಯೇ ಕೇಳುತ್ತಾರೆ. ಹತ್ತು ವರ್ಷ ಡೊಂಬಿವಲಿಯಲ್ಲಿ ತರಕಾರಿ ಕೊಂಡವರಿಗೆ ಅದು ಸಮಸ್ಯೆಯಲ್ಲ. ಆದರೆ ನೋವು ಎಲ್ಲಿ, ಎಷ್ಟು ಹೊತ್ತಿನಿಂದ, ಚುಚ್ಚಿದ ಹಾಗಾ ಉರಿದ ಹಾಗಾ ಅಂತ ಮರಾಠಿಯಲ್ಲಿ ಕೇಳಲು ಬರಬೇಕು. ಪಕ್ಕದ ಮನೆಯ ಅಜ್ಜಿಯನ್ನು ಮಾತಿಗೆ ಎಳೆಯಿರಿ, ಆಕೆಯ ಮಂಡಿನೋವಿನ ಕತೆಯಲ್ಲೇ ಎಲ್ಲಾ ಶಬ್ದ ಸಿಗುತ್ತವೆ. ಮತ್ತೆ ಅದೇ ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: 'ಹೊಸಬರಿಗೆ ಓರಿಯೆಂಟೇಷನ್ ಎಷ್ಟು ವಾರ?' 'ಅದೆಲ್ಲಾ ಏನಿಲ್ಲ, ಇವತ್ತು ರಾತ್ರಿಯೇ ಡ್ಯೂಟಿ ಹಾಕ್ತೀವಿ' ಅಂದರೆ ಬ್ಯಾಗ್ ಎತ್ತಿಕೊಂಡು ಇನ್ನೊಂದು ಆಸ್ಪತ್ರೆ ನೋಡಿ.