ಅಂಡಾಣುವಿನ ವಯಸ್ಸು: ಐವಿಎಫ್ ಎಲ್ಲಿಂದ ಎಲ್ಲಿಗೆ ಬಂತು, ನಲವತ್ತರ ಹೆಣ್ಮಕ್ಕಳಿಗೆ ಏನು ಸಿಕ್ತು

2019ರ ಸೆಪ್ಟೆಂಬರ್‌ನಾಗ ಆಂಧ್ರದ ಗುಂಟೂರಿನೊಳಗ 70 ದಾಟಿದ ಅಜ್ಜಿಯೊಬ್ರು ಅವಳಿ ಹೆಣ್ಣುಮಕ್ಕಳನ್ನ ಹಡದ್ರು ಅಂತ ಸುದ್ದಿ ಬಂದಿತ್ತಲ್ಲ, ಅದು ಇವತ್ತಿಗೂ ನಮ್ಮ ಬೆಳಗಾವಿ ಕಡೆ ವಾಟ್ಸಾಪ್‌ನಾಗ ತಿರುಗ್ತಾನ ಇರ್ತೈತಿ. ಮಕ್ಕಳಾಗದ ಹೆಣ್ಮಗಳಿಗೆ ಬೀಗರೋ ನೆಗೆಣ್ಣಿಯೋ ಅದನ್ನ ಕಳಿಸಿ "ನೋಡವಾ, ಎಪ್ಪತ್ತಕ್ಕ ಆಗೇತಿ, ನಿನಗ ಇನ್ನೂ ನಲವತ್ತು, ಯಾಕ ಚಿಂತಿ ಮಾಡ್ತಿ" ಅಂತಾರ. ಧೈರ್ಯ ಹೇಳೋ ಮನಸ್ಸು ಒಳ್ಳೇದ. ಆದ್ರ ಆ ಫಾರ್ವರ್ಡ್‌ನಾಗ ಒಂದು ಮಾತು ಬಿಟ್ಟು ಹೋಗಿರ್ತೈತಿ: ಆ ಕೂಸುಗಳು ಹುಟ್ಟಿದ್ದು ದಾನದ ಅಂಡಾಣುವಿನಿಂದ, ಅಂದ್ರ ಹರೇದ ಹೆಣ್ಮಗಳೊಬ್ಬಳು ಕೊಟ್ಟ ಅಂಡಾಣುವಿನಿಂದ. ಅಜ್ಜಿಯದು ಗರ್ಭಕೋಶ ಅಷ್ಟ. ಈ ಒಂದು ಮಾತು ಗೊತ್ತಿಲ್ಲದ ಎಷ್ಟೋ ಮಂದಿ ವರ್ಷಗಟ್ಟಲೆ ಕಾಯ್ತಾರ, ಹೊಲ ಒತ್ತಿ ಇಡ್ತಾರ, ಬಂಗಾರ ಮಾರ್ತಾರ. ಅದಕ್ಕ ಐವಿಎಫ್ ಅನ್ನೋ ಈ ಚಿಕಿತ್ಸೆ (ಅಂಡಾಣು ಹೊರಗ ತೆಗೆದು, ಲ್ಯಾಬಿನಾಗ ವೀರ್ಯಾಣು ಜೋಡಿ ಕೂಡಿಸಿ, ಆದ ಭ್ರೂಣವನ್ನ ಗರ್ಭಕೋಶದೊಳಗ ಇಡೋದು) ಎಲ್ಲಿಂದ ಬಂತು, ಯಾವ ತೊಂದರೆಗೆ ದಾರಿ ಮಾಡಿಕೊಡ್ತು, ಯಾವ ತೊಂದರೆ ಹಂಗ ಉಳೀತು ಅನ್ನೋದನ್ನ ಬಿಡಿಸಿ ಬರೀಬೇಕು ಅನ್ನಿಸ್ತು.

ಮೊದಲು ಅಂಡಾಣುವಿನ ಮಾತು. ಹೆಣ್ಣು ಕೂಸು ತಾಯಿ ಹೊಟ್ಟಿಯೊಳಗ ಇದ್ದಾಗನ ಆಕಿ ಜೀವಮಾನಕ್ಕ ಬೇಕಾದ ಅಂಡಾಣು ಎಲ್ಲಾ ತಯಾರಾಗಿ ಬಿಡ್ತಾವ, ಆಮ್ಯಾಲ ಹೊಸಾವು ಆಗೋದಿಲ್ಲ. ಹುಟ್ಟೂವಾಗ 10ರಿಂದ 20 ಲಕ್ಷ ಇರ್ತಾವ, ಮೈನೆರೆಯೋ ಹೊತ್ತಿಗೆ 3-4 ಲಕ್ಷಕ್ಕ ಇಳಿದಿರ್ತಾವ, ಮುಂದನೂ ತಿಂಗಳಾ ತಿಂಗಳಾ ಕರಗ್ತಾನ ಹೋಗ್ತಾವ, ನಾವು ಏನು ತಿಂದ್ರೂ ಬಿಟ್ರೂ. ಗಂಡಸ್ರಲ್ಲಿ ಹಂಗಲ್ಲ, ವೀರ್ಯಾಣು ಹೊಸದಾಗಿ ತಯಾರಾಗ್ತಾನ ಇರ್ತಾವ (ಹಂಗಂತ ಗಂಡಸಿನ ವಯಸ್ಸು ಲೆಕ್ಕಕ್ಕಿಲ್ಲ ಅಂತ ತಿಳೀಬಾರದು). ನಲವತ್ತರ ಹೆಣ್ಮಗಳ ಅಂಡಾಣುವಿಗೂ ನಲವತ್ತು ವರ್ಷ. ಅಷ್ಟೂ ವರ್ಷ ಅದರೊಳಗಿನ ಕ್ರೋಮೋಸೋಮ್ (ವಂಶದ ಗುಣ ಹೊತ್ತ ಎಳೆ) ಜೋಡಿಗಳನ್ನ ಹಿಡಿದಿಟ್ಟಿರೋದು ಅಂಟಿನಂಥ ಒಂದು ಪ್ರೋಟೀನು, ಅದು ವರ್ಷ ಕಳೆದಂಗ ಸಡಲಾಗ್ತೈತಿ, ಜೋಡಿ ಬಿಡಿಸೂವಾಗ ಒಂದು ಹೆಚ್ಚು ಇಲ್ಲಾ ಒಂದು ಕಡಿಮಿ ಆಗಿ ಬಿಡ್ತೈತಿ. ಅಂಥ ಭ್ರೂಣ ಬಹಳಷ್ಟು ಸಲ ಅಂಟೋದೇ ಇಲ್ಲ, ಅಂಟಿದ್ರೂ ಎರಡು ಮೂರು ತಿಂಗಳಿಗೆ ಅಬಾರ್ಷನ್ ಆಗ್ತೈತಿ. ಒಂದು ಕ್ರೋಮೋಸೋಮ್ ಹೆಚ್ಚಿರೋ ಡೌನ್ ಸಿಂಡ್ರೋಮ್ ಕೂಸು ಹುಟ್ಟೋ ಸಾಧ್ಯತೆ 25ರ ವಯಸ್ಸಿನಾಗ ಸುಮಾರು 1250ಕ್ಕ ಒಂದು ಇದ್ದದ್ದು 35ಕ್ಕ 350ರಾಗ ಒಂದು, 40ಕ್ಕ 100ರಾಗ ಒಂದು ಆಗೋದು ಇದೇ ಕಾರಣಕ್ಕ.

ಈಗ ಹಿಂದಕ್ಕ ಹೋಗೋಣ. 1978ರ ಜುಲೈ 25ಕ್ಕ ಇಂಗ್ಲೆಂಡಿನ ಓಲ್ಡಮ್ ಅನ್ನೋ ಊರಾಗ ಲೂಯಿಸ್ ಬ್ರೌನ್ ಹುಟ್ಟಿದ್ಲು, ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಬೇಬಿ. ರಾಬರ್ಟ್ ಎಡ್ವರ್ಡ್ಸ್, ಪ್ಯಾಟ್ರಿಕ್ ಸ್ಟೆಪ್ಟೋ, ಜೀನ್ ಪರ್ಡಿ ಮೂವರೂ ಸೇರಿ ಮಾಡಿದ ಕೆಲಸ ಅದು, ಎಡ್ವರ್ಡ್ಸ್‌ಗೆ ನೊಬೆಲ್ ಬಂದಿದ್ದು 2010ರಾಗ. ಆ ಕೂಸಿನ ತಾಯಿ ಆಗ 30ರ ಆಸುಪಾಸಿನವ್ರು, ಅಂಡಾಣು ಚೆನ್ನಾಗೇ ಇತ್ತು, ಬ್ಲಾಕ್ ಆಗಿದ್ದು ಅಂಡಾಣು ಗರ್ಭಕೋಶಕ್ಕ ಇಳಿದು ಬರೋ ಟ್ಯೂಬ್. ಅಂದ್ರ ಐವಿಎಫ್ ಹುಟ್ಟಿದ್ದೇ ಟ್ಯೂಬಿನ ತೊಂದರೆಗೆ, ವಯಸ್ಸಿಗಂತ ಅಲ್ಲ. ನಮ್ಮ ದೇಶದಾಗಂತೂ ಟಿಬಿ ಗರ್ಭಕೋಶಕ್ಕ ತಾಗಿ ಟ್ಯೂಬ್ ಮುಚ್ಚಿಹೋಗೋದು ಬಹಳ, ಅಂಥವ್ರಿಗೆ ಇದು ದೊಡ್ಡ ಆಸರೆ ಆತು.

ಲೂಯಿಸ್ ಹುಟ್ಟಿ 70 ದಿನಕ್ಕ, ಅಕ್ಟೋಬರ್ 3ಕ್ಕ, ಕೋಲ್ಕತ್ತಾದಾಗ ನಮ್ಮ ದೇಶದ ಮೊದಲ ಟೆಸ್ಟ್ ಟ್ಯೂಬ್ ಬೇಬಿ ದುರ್ಗಾ ಹುಟ್ಟಿದ್ಲು. ಅದನ್ನ ಮಾಡಿದವ್ರು ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ ಅಂತ. ಇವ್ರ ಕಥಿ ಓದಿದಾಗೆಲ್ಲ ನನಗ ಹೊಟ್ಟಿ ಉರೀತೈತಿ. ಇಂಗ್ಲೆಂಡಿನವ್ರು ಔಷಧ ಇಲ್ಲದ ತಾನಾಗೇ ಬಂದ ಒಂದೇ ಅಂಡಾಣು ಹಿಡಿದಿದ್ರು, ಇವ್ರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಹೆಚ್ಚು ಅಂಡಾಣು ಬೆಳೆಸಿದ್ರು, ಭ್ರೂಣವನ್ನ ಫ್ರೀಜ್ ಮಾಡಿಟ್ಟು ಮುಂದಿನ ಋತುಚಕ್ರದಾಗ ಒಳಗ ಇಟ್ರು. ಇವತ್ತು ಐವಿಎಫ್ ಸೆಂಟರ್‌ನಾಗ ಬಹಳಷ್ಟು ಸಲ ನಡೆಯೋದು ಇದೇ ಪದ್ಧತಿ ನೋಡ್ರಿ. ಆದ್ರ ಅವಾಗ ಸರ್ಕಾರ ಒಂದು ಸಮಿತಿ ಮಾಡಿ ಇದೆಲ್ಲಾ ಸುಳ್ಳು ಅಂತ ತಳ್ಳಿ ಹಾಕ್ತು, ಜಪಾನಿಗೆ ಹೋಗಿ ಮಾತಾಡಾಕ ಬಿಡಲಿಲ್ಲ, ಕಡೀಕ ಕಣ್ಣಿನ ಸಂಸ್ಥೆಗೆ ವರ್ಗಾ ಮಾಡಿದ್ರು. 1981ರ ಜೂನ್‌ನಾಗ ಆ ಮನುಷ್ಯ ತಾವಾಗೇ ಜೀವ ಕಳಕೊಂಡ್ರು. 1986ರ ಆಗಸ್ಟ್ 6ಕ್ಕ ಮುಂಬೈನ ಕೆಇಎಂ ಆಸ್ಪತ್ರೆಯೊಳಗ ಹರ್ಷಾ ಹುಟ್ಟಿದಾಗ ಡಾಕ್ಟರ್ ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ ಕುಮಾರ್ ಅವ್ರ ಕೆಲಸವೇ ದೇಶದ ಮೊದಲನೇದು ಅಂತ ದಾಖಲಾತು. ಆಮ್ಯಾಲ 1997ರಾಗ ಇದೇ ಆನಂದ ಕುಮಾರ್ ಅವ್ರು ಸುಭಾಷ್ ಅವ್ರ ಹಳೇ ಟಿಪ್ಪಣಿ ಓದಿ, ಮೊದಲಿಗರು ನಾವಲ್ಲ ಅವರ ಅಂತ ತಾವೇ ಮುಂದ ಬಂದು ಹೇಳಿದ್ರು. ಅಂಥ ದೊಡ್ಡ ಮನಸ್ಸು ಎಷ್ಟು ಮಂದಿಗೆ ಇರ್ತೈತಿ ಹೇಳ್ರಿ.

1992ರಾಗ ಬ್ರಸೆಲ್ಸ್‌ನವ್ರು ಇಕ್ಸಿ ತಂದ್ರು, ಒಂದೇ ಒಂದು ವೀರ್ಯಾಣುವನ್ನ ಸೂಜಿಯಿಂದ ಅಂಡಾಣುವಿನೊಳಗ ಬಿಡೋದು. ಇದು ಗಂಡಸ್ರ ತೊಂದರೆಗೆ ಬಂದ ದಾರಿ. ಈ ಮಾತು ಬಂದಾಗ ನಮ್ಮ ಕಡಿ ಸಂಗತಿ ಹೇಳಲೇಬೇಕು. ಚಿಕ್ಕೋಡಿ ಇರಲಿ, ಜಮಖಂಡಿ ಇರಲಿ, ಸಿಂದಗಿ ಇರಲಿ, ಮದುವಿ ಆಗಿ ಎರಡು ವರ್ಷಕ್ಕ ಕೂಸಾಗಲಿಲ್ಲ ಅಂದ್ರ ಮೊದಲು ಸೊಸೀನ್ನ ದೇವ್ರ ಗುಡ್ಡಕ್ಕ ಕರ್ಕೊಂಡು ಹೋಗ್ತಾರ, ಆಮ್ಯಾಲ ನಾಟಿ ಔಷಧ, ಆಮ್ಯಾಲ ಮಿರಜ್, ಸಾಂಗ್ಲಿ, ಹುಬ್ಬಳ್ಳಿ, ಪ್ರತಿ ದವಾಖಾನಿಯೊಳಗೂ ಆಕಿದ ಸ್ಕ್ಯಾನ್ ಆಕಿದ ರಕ್ತ, ಗಂಡ ಹೊರಗ ಚಾದಂಗಡಿ ಮುಂದ ನಿಂತಿರ್ತಾನ. ವೀರ್ಯ ಪರೀಕ್ಷೆಗೆ ಹತ್ತೋದು ಕೆಲವು ನೂರು ರೂಪಾಯಿ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚು ಕಡಿಮಿ ಅರ್ಧದಷ್ಟರಲ್ಲಿ ಗಂಡಸಿನ ಕಡಿಂದನೂ ಕಾರಣ ಇರ್ತೈತಿ. ಆ ಒಂದು ಟೆಸ್ಟ್ ಮುಂದೂಡಿ ಮುಂದೂಡಿ ಆಕಿಯ 32 ಹೋಗಿ 39 ಆಗಿರ್ತೈತಿ. ದೇವ್ರಿಗೆ ಹೋಗಬ್ಯಾಡ್ರಿ ಅಂತಲ್ಲ, ಹೋಗ್ರಿ, ಉಡಿ ತುಂಬ್ರಿ, ಆದ್ರ ಅದೇ ವಾರದಾಗ ಇಬ್ಬರದೂ ಟೆಸ್ಟ್ ಮಾಡಿಸ್ರಿ. ಡಾಕ್ಟರ್‌ಗಳ ಲೆಕ್ಕ ಏನಂದ್ರ 35ರ ಒಳಗಿದ್ರ ಒಂದು ವರ್ಷ ನೋಡಬಹುದು, 35 ದಾಟಿದ್ರ ಆರು ತಿಂಗಳು, 40 ಆಗಿದ್ರ ಕಾಯೋದೇ ಬ್ಯಾಡ.

ವಯಸ್ಸಿನ ಗುಟ್ಟು ಬಿಚ್ಚಿಕೊಂಡಿದ್ದು ಅಂಡಾಣು ದಾನದಿಂದ. 1983-84ರ ಸುಮಾರಿಗೆ ದಾನದ ಅಂಡಾಣುವಿನಿಂದ ಮಕ್ಕಳು ಹುಟ್ಟಾಕ ಶುರು ಆದ್ರು, ಅದು ಹರೇದಾಗ ಮುಟ್ಟು ನಿಂತು ಹೋದವ್ರಿಗೆ ಅಂತ ಬಂದ ಚಿಕಿತ್ಸೆ. 1990ಕ್ಕ ಕ್ಯಾಲಿಫೋರ್ನಿಯಾದ ಡಾಕ್ಟರ್ ಮಾರ್ಕ್ ಸಾವರ್ ತಂಡದವ್ರು ನಲವತ್ತು ದಾಟಿದವ್ರಿಗೂ ಅದೇ ಮಾಡಿ ನೋಡಿದ್ರು, ಹರೇದವ್ರಷ್ಟೇ ಚೆನ್ನಾಗಿ ಗರ್ಭ ನಿಂತ್ವು. ವಯಸ್ಸಾಗೋದು ಮುಖ್ಯವಾಗಿ ಅಂಡಾಣುವಿಗೆ, ಗರ್ಭಕೋಶಕ್ಕ ಅಷ್ಟಿಲ್ಲ ಅನ್ನೋದು ಆವಾಗ ಗಟ್ಟಿ ಆತು. ನನ್ನ ಪ್ರಕಾರ ಈ ಇಡೀ ಇತಿಹಾಸದಾಗ ನಲವತ್ತರ ಹೆಣ್ಮಕ್ಕಳಿಗೆ ಎಲ್ಲಕ್ಕಿಂತ ಮುಖ್ಯ ಇದು: ಟ್ಯೂಬಿಗೆ ದಾರಿ ಸಿಕ್ತು, ವೀರ್ಯಕ್ಕ ದಾರಿ ಸಿಕ್ತು, ಹಳೇ ಅಂಡಾಣುವನ್ನ ಹೊಸದು ಮಾಡೋ ದಾರಿ ಇವತ್ತಿನ ತನಕ ಸಿಕ್ಕಿಲ್ಲ.

ಅಂಕಿ ನೋಡ್ರಿ. ಬ್ರಿಟನ್‌ನಾಗ ಎಲ್ಲಾ ಸೆಂಟರ್‌ಗಳ ಲೆಕ್ಕವನ್ನ ಸರ್ಕಾರಿ ಸಂಸ್ಥೆ ಇಡ್ತೈತಿ. 2019ರ ಲೆಕ್ಕದಾಗ ಸ್ವಂತ ಅಂಡಾಣುವಿನಿಂದ ಮಾಡಿದ ಒಂದು ಭ್ರೂಣ ಒಳಗಿಟ್ರ ಕೂಸು ಕೈಗೆ ಬರೋದು 35ರ ಒಳಗಿನವ್ರಿಗೆ ನೂರಕ್ಕ 32, 40-42ರವ್ರಿಗೆ ನೂರಕ್ಕ 11, 43 ದಾಟಿದ್ರ ನೂರಕ್ಕ 5ಕ್ಕಿಂತ ಕಡಿಮಿ. ದಾನದ ಅಂಡಾಣು ಇದ್ರ ತಾಯಿ ವಯಸ್ಸು ಎಷ್ಟ ಇದ್ರೂ 30ರ ಮ್ಯಾಲ. ನಮ್ಮ ಕಡೆ ಹೈವೇ ಬಾಜೂಕ ದೊಡ್ಡ ದೊಡ್ಡ ಬೋರ್ಡಿನ ಮ್ಯಾಲ ಬರಿಯೋ ಸಕ್ಸಸ್ ರೇಟ್ ಇದಕ್ಕಿಂತ ಎಷ್ಟೋ ಹೆಚ್ಚಿರ್ತೈತಿ, ಯಾಕಂದ್ರ ಅದರಾಗ ಎಲ್ಲಾ ವಯಸ್ಸಿನವ್ರನ್ನೂ ಕೂಡಿಸಿರಬಹುದು, ದಾನದ ಅಂಡಾಣುವೂ ಸೇರಿರಬಹುದು, ಬರೇ ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಬಂದಿದ್ದನ್ನೂ ಎಣಿಸಿರಬಹುದು. ನಲವತ್ತರ ನಂತರ ಪಾಸಿಟಿವ್ ಬಂದದ್ದೆಲ್ಲ ಕೂಸಾಗೋದಿಲ್ಲ. ಅದಕ್ಕ ಕೇಳಬೇಕಾದ್ದು ಹಿಂಗ: "ಡಾಕ್ಟ್ರ, ನನ್ನ ವಯಸ್ಸಿನವ್ರಿಗೆ, ಅವರದೇ ಅಂಡಾಣುವಿನಿಂದ, ಹೋದ ವರ್ಷ ಎಷ್ಟು ಹೆರಿಗಿ ಆಗ್ಯಾವ?"

ಐಯುಐ (ವೀರ್ಯವನ್ನ ಸಣ್ಣ ನಳಿಗಿಯಿಂದ ನೇರ ಗರ್ಭಕೋಶದೊಳಗ ಬಿಡೋದು) ಮ್ಯಾಲ ಹೋಗೋ ತಿಂಗಳುಗಳ ಬಗ್ಗೆನೂ ಹೇಳಬೇಕು. ಖರ್ಚು ಕಡಿಮಿ ಅಂತ ನಾಕೈದು ಸಲ ಮಾಡಿಸ್ಕೋತಾರ. 38ರಿಂದ 42ರ ವಯಸ್ಸಿನವ್ರ ಮ್ಯಾಲ ಅಮೆರಿಕದಾಗ ನಡೆದ, 2014ರಾಗ ಪ್ರಕಟ ಆದ ಅಧ್ಯಯನದಾಗ ಎರಡು ಸೈಕಲ್ ನಂತರ ಗರ್ಭ ನಿಂತಿದ್ದು ಐಯುಐ ಮಾಡಿಸಿದವ್ರೊಳಗ ಐವರಲ್ಲಿ ಒಬ್ರಿಗೆ, ನೇರ ಐವಿಎಫ್‌ಗೆ ಹೋದವ್ರೊಳಗ ಸುಮಾರು ಅರ್ಧ ಮಂದಿಗೆ. ದುಡ್ಡು ಉಳಿಸಾಕ ಹೋಗಿ ತಿಂಗಳು ಕಳಕೊಂಡ್ರ ಆ ತಿಂಗಳು ವಾಪಸ್ ಬರೋದಿಲ್ಲ.

ನಮ್ಮ ವೈನಿ ಜೋಡಿ ನಾನೂ ಕೆಲವು ಸಲ ಬೆಳಗಾವಿ ದವಾಖಾನಿಗೆ ಹೋಗಿದ್ದೆ. "ಡೇಟ್ ಬಂದ ಎರಡನೇ ದಿನ ಬರ್ರಿ" ಅಂತಿದ್ರು, ಹೊಟ್ಟಿ ಹಿಡಕೊಂಡು ಗೋಕಾಕದಿಂದ ಮುಂಜಾನಿ ಬಸ್ ಹತ್ತಿ ಬರಬೇಕು. ಸ್ಕ್ಯಾನ್‌ನಾಗ ಎರಡೂ ಅಂಡಾಶಯದಾಗ ಅಂಡಾಣು ಬೆಳೆಯೋ ಸಣ್ಣ ಸಣ್ಣ ಗುಳ್ಳಿ ಎಷ್ಟದಾವ ಅಂತ ಎಣಿಸ್ತಾರ, ರಕ್ತದಾಗ ಎಎಂಎಚ್ ಅನ್ನೋ ಹಾರ್ಮೋನ್ ನೋಡ್ತಾರ. ಎಎಂಎಚ್ ಹೇಳೋದು ಅಂಡಾಣು ಅಂದಾಜು ಎಷ್ಟು ಉಳಿದಾವ ಅಂತ, ಗುಣ ಹೆಂಗೈತಿ ಅಂತಲ್ಲ, ಇದನ್ನ ಬಹಳ ಮಂದಿ ತಪ್ಪು ತಿಳಕೋತಾರ. ಇಂಜೆಕ್ಷನ್‌ಗಳನ್ನ ಥರ್ಮಾಕೋಲ್ ಡಬ್ಬಿಯೊಳಗ ಐಸ್ ಜೋಡಿ ಇಟ್ಟು ಕೊಡ್ತಿದ್ರು, ವೈನಿ ಆ ಡಬ್ಬಿ ಊರು ಮುಟ್ಟೋತನಕ ತೊಡಿ ಮ್ಯಾಲಿಂದ ಇಳಿಸ್ತಿರಲಿಲ್ಲ, ದಿನಾ ಒಂದೇ ಹೊತ್ತಿಗೆ ಓಣ್ಯಾಗಿನ ಸಿಸ್ಟರ್ ಬಂದು ಚುಚ್ಚಿ ಹೋಗ್ತಿದ್ರು. ಅಂಡಾಣು ಹಣ್ಣಾಗಿಸೋ ಕಡೀ ಟ್ರಿಗರ್ ಇಂಜೆಕ್ಷನ್ ರಾತ್ರಿ ಹೇಳಿದ ಟೈಮಿಗೇ ಆಗಬೇಕು, ಯಾಕಂದ್ರ ಅಲ್ಲಿಂದ ಸುಮಾರು 36 ತಾಸಿಗೆ ಅಂಡಾಣು ತೆಗೀತಾರ. ತೆಗೆದ ಮ್ಯಾಲ ನರ್ಸ್ ಬಂದು "ಎರಡು ತತ್ತಿ ಸಿಕ್ಕಾವ ಅಕ್ಕಾರ" ಅಂದಾಗ ವೈನಿ ಏನೂ ಮಾತಾಡಲಿಲ್ಲ, ಬಾಜೂ ಮಂಚದ 28ರ ಹುಡುಗಿಗೆ ಹದಿನಾಲ್ಕು ಸಿಕ್ಕಿದ್ದು.

ಅಂಡಾಣು ಫ್ರೀಜ್ ಮಾಡೋದು ಹೊಸದೇನಲ್ಲ, ಅಂಥದರಿಂದ ಮೊದಲ ಹೆರಿಗಿ 1986ರಾಗ ಆಸ್ಟ್ರೇಲಿಯಾದಾಗ ಆಗಿತ್ತು, ಆದ್ರ ಕ್ಷಣದಾಗ ಗಾಜಿನಂಗ ಗಟ್ಟಿ ಮಾಡೋ ವಿಧಾನ ಬಂದ ಮ್ಯಾಲ, 2012ರಾಗ ಅಮೆರಿಕದ ಡಾಕ್ಟರ್ ಸಂಘದವ್ರು ಇದಿನ್ನು ಪ್ರಯೋಗ ಅಲ್ಲ ಅಂದ್ರು. ಕೆಪಿಎಸ್ಸಿ, ಪಿಎಚ್‌ಡಿ ಅಂತ ಮದುವಿ ಮುಂದೂಡೋ ಹುಡುಗ್ಯಾರಿಗೆ ಇದು ಉಪಯೋಗಕ್ಕ ಬರಬಹುದು, ಆದ್ರ 35ರ ಒಳಗ ಮಾಡಿಸಿದ್ರ. ಇನ್ನ ಅಂಡಾಶಯಕ್ಕ ಪಿಆರ್‌ಪಿ (ತಮ್ಮದೇ ರಕ್ತದಿಂದ ತೆಗೆದ ಸಾರ ಚುಚ್ಚೋದು), ಡಿಎಚ್‌ಇಎ ಅನ್ನೋ ಹಾರ್ಮೋನ್ ಗುಳಿಗಿ ಅಂತ ಬಿಲ್ಲಿಗೆ ಸೇರಿಸ್ತಾರಲ್ಲ, ಅವುಗಳಿಂದ ಹೆರಿಗಿ ಹೆಚ್ಚಾಗ್ತಾವ ಅನ್ನಾಕ ಗಟ್ಟಿ ಪುರಾವೆ ಇಲ್ಲ.

ಕಾನೂನು ತಡವಾಗಿ ಬಂತು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2005ರಾಗ ಮಾರ್ಗಸೂಚಿ ಮಾಡಿತ್ತು, ಕಾಯ್ದೆ ಅಂತ ಆಗಿದ್ದು 2021ಕ್ಕ, ಜಾರಿಗೆ ಬಂದಿದ್ದು 2022ರ ಜನವರಿಗೆ. ಈಗ 50 ತುಂಬಿದ ಹೆಣ್ಮಗಳಿಗೆ, 55 ತುಂಬಿದ ಗಂಡಸಿಗೆ ಈ ಚಿಕಿತ್ಸೆ ಕೊಡೋ ಹಂಗಿಲ್ಲ, ಅಂದ್ರ ಗುಂಟೂರಿನಂಥದ್ದು ಇವತ್ತು ಕಾನೂನಿನ ಪ್ರಕಾರ ಆಗೋದೇ ಇಲ್ಲ. ಅಂಡಾಣು ಕೊಡೋಳಿಗೆ 23ರಿಂದ 35 ವಯಸ್ಸಿರಬೇಕು, ಜೀವಮಾನದಾಗ ಒಂದೇ ಸಲ, ಏಳಕ್ಕಿಂತ ಹೆಚ್ಚು ತೆಗೆಯಂಗಿಲ್ಲ, ಆಕಿ ಹೆಸರಿನಾಗ ವಿಮೆ ಮಾಡಿಸಬೇಕು. ಬಡ ಹೆಣ್ಮಕ್ಕಳನ್ನ ಪದೇ ಪದೇ ಕರ್ಕೊಂಡು ಬಂದು ಅಂಡಾಣು ತೆಗೆಸೋದಕ್ಕ ಇದು ಲಗಾಮು, ಬೇಕೇ ಬೇಕಿತ್ತು.

ಗರ್ಭ ನಿಂತ ಮ್ಯಾಲೂ ನಲವತ್ತರಾಗ ಬಿಪಿ, ಶುಗರ್ ಏರೋದು ಹೆಚ್ಚು, ದಾನದ ಅಂಡಾಣು ಇದ್ರ ಬಿಪಿ ಇನ್ನೂ ಹೆಚ್ಚು, ಅದಕ್ಕ ಎರಡು ಭ್ರೂಣ ಇಡಿಸಿ ಅವಳಿ ಆಸೆ ಮಾಡೋದಕ್ಕಿಂತ ಒಂದೇ ಇಡಿಸೋದು ಒಳ್ಳೇದು. ಈ ವಿಷಯದಾಗ ನಮ್ಮ ಬೆಳಗಾವಿದೂ ಪಾಲೈತಿ: ಮೊದಲ ಬಸಿರಿನವ್ರಿಗೆ ಕಡಿಮಿ ಡೋಸಿನ ಆಸ್ಪಿರಿನ್ ಕೊಟ್ರ ದಿನ ತುಂಬೋಕಿಂತ ಮೊದಲ ಹೆರಿಗಿ ಆಗೋದು ಕಡಿಮಿ ಆಗ್ತೈತಿ ಅಂತ ಆರು ದೇಶದಾಗ ನಡೆದ, 2020ರಾಗ ಬಂದ ದೊಡ್ಡ ಅಧ್ಯಯನದಾಗ ಬೆಳಗಾವಿಯ ಹೆಣ್ಮಕ್ಕಳೂ ಇದ್ರು. ನಲವತ್ತರ ಬಸಿರಿನಾಗ ಆಸ್ಪಿರಿನ್ ಬೇಕೋ ಬ್ಯಾಡೋ ಅಂತ ಮೊದಲ ಮೂರು ತಿಂಗಳೊಳಗ ಡಾಕ್ಟರ್‌ನ್ನ ಕೇಳ್ರಿ, ತಾವಾಗೇ ನುಂಗಬ್ಯಾಡ್ರಿ.

ಕಡೀಕ ರೊಕ್ಕದ ಮಾತು. ಒಂದು ಐವಿಎಫ್ ಸೈಕಲ್‌ಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ಲಕ್ಷ ಹೋಗ್ತೈತಿ, ಆಯುಷ್ಮಾನ್ ಕಾರ್ಡಿನಾಗ ಮಕ್ಕಳಾಗೋ ಚಿಕಿತ್ಸೆ ಬರೋದಿಲ್ಲ. ಚೋರ್ಲಾ ಘಾಟ್ ಇಳಿದ್ರ ಸಿಗೋ ಗೋವಾದಾಗ ಬಾಂಬೋಳಿಯ ಸರ್ಕಾರಿ ಮೆಡಿಕಲ್ ಕಾಲೇಜಿನೊಳಗ 2023ರಾಗ ಉಚಿತ ಐವಿಎಫ್ ಶುರು ಮಾಡಿದ್ರು. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದ ಎಂಎಲ್‌ಎಗಳು ಬೆಳಗಾವಿ ಅಧಿವೇಶನಕ್ಕ ಸುವರ್ಣಸೌಧದಾಗ ಪ್ರತಿ ಚಳಿಗಾಲಕ್ಕ ಕೂಡ್ತಾರ, ಈ ಭಾಗದ ಒಂದು ಸರ್ಕಾರಿ ದವಾಖಾನಿಯೊಳಗಾದ್ರೂ ಗೋವಾದಂಗ ಮಾಡ್ರಿ ಅಂತ ಯಾರರೆ ಒಬ್ರು ಎದ್ದು ನಿಂತು ಕೇಳಬೇಕು.