ಗುಡ್ಡೆ ಬೆಳೆಸುವ ಲೆಕ್ಕ: ಟ್ರಾನ್‌ನಿಂದ ರೋಬ್ಲಾಕ್ಸ್‌ವರೆಗೆ

ಸಿನಿಮಾದ ಅಂತರಿಕ್ಷ ನೌಕೆಗೆ ಹಿಂಭಾಗ ಇರಲೇಬೇಕು ಅಂತಿಲ್ಲ. ಕ್ಯಾಮೆರಾಗೆ ಕಾಣುವಷ್ಟು ಗೋಡೆ ಕಟ್ಟಿದರೆ ಸಾಕು. ಆಚೆ ಕಡೆ ಬರೀ ಪ್ಲೈವುಡ್ಡು, ಆಸರೆಗೆ ಕೊಟ್ಟ ರೀಪುಗಳು, ಚಹಾ ಕುಡಿಯುತ್ತಾ ನಿಂತ ಕೆಲಸದವರು. ಆಟದಲ್ಲಿ ಈ ಸೌಕರ್ಯ ಇಲ್ಲ. ರೋಬ್ಲಾಕ್ಸ್ ಅನ್ನುವುದು ಮಕ್ಕಳು ತಾವೇ ಜಾಗಗಳನ್ನು ಕಟ್ಟಿ, ಒಬ್ಬರದ್ದಕ್ಕೆ ಇನ್ನೊಬ್ಬರು ಬಂದು ಆಡುವ ಆನ್‌ಲೈನ್ ಆಟ. ರೋಬ್ಲಾಕ್ಸ್‌ನಲ್ಲಿ ಒಬ್ಬ ಹುಡುಗ ಅಂಥದ್ದೇ ನೌಕೆ ಕಟ್ಟಿಟ್ಟ ಅನ್ನಿ. ಇನ್ನೊಬ್ಬಳು ಬಂದವಳೇ ಹಿಂದೆ ಹೋಗಿ ನೋಡುತ್ತಾಳೆ, ಮೇಲೆ ಹತ್ತುತ್ತಾಳೆ, ಕಿಟಕಿಯೊಳಗೆ ತೂರುತ್ತಾಳೆ. ಎಲ್ಲ ಕಡೆಯಿಂದಲೂ ಅದು ನೌಕೆಯೇ ಆಗಿರಬೇಕು.

ಮದುವೆ ಊಟದ ಪಂಕ್ತಿಯಲ್ಲಿ ಈ ಆಟದ ಮಾತು ಬಂದರೆ ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: "ಅದರಲ್ಲಿ ಮಕ್ಕಳದ್ದು ಎಂತ ಉಂಟು? ಎಲ್ಲ ಕಂಪ್ಯೂಟರೇ ಮಾಡುವುದಲ್ವಾ?" ಈಗೀಗ ಕಂಪ್ಯೂಟರ್ ಅನ್ನುವ ಜಾಗಕ್ಕೆ ಎಐ ಬಂದಿದೆ, ಮಾತು ಮಾತ್ರ ಅದೇ. ಇದನ್ನು ಕೇಳಿದಾಗಲೆಲ್ಲ ನನಗೆ ಪಾಯಸ ರುಚಿಸುವುದಿಲ್ಲ. ಕಂಪ್ಯೂಟರ್ ತಾನಾಗಿ ಒಂದು ಬಾಗಿಲನ್ನೂ ಮಾಡುವುದಿಲ್ಲ, ಒಂದು ಗುಡ್ಡೆಯನ್ನೂ ಮಾಡುವುದಿಲ್ಲ. ಅದರ ಹಿಂದೆ ಒಂದು ಲೆಕ್ಕ ಇರುತ್ತದೆ, ಆ ಲೆಕ್ಕವನ್ನು ಯಾರೋ ಕೂತು ಯೋಚಿಸಿರುತ್ತಾರೆ. ಮಜಾ ಏನೆಂದರೆ, ಮಕ್ಕಳು ವೈಜ್ಞಾನಿಕ ಸಿನಿಮಾಗಳ ಜಾಗಗಳನ್ನು ಮತ್ತೆ ಕಟ್ಟುವುದಕ್ಕೆ ಬಳಸುವ ಎರಡು ದೊಡ್ಡ ಉಪಾಯಗಳು ಒಂದು ವೈಜ್ಞಾನಿಕ ಸಿನಿಮಾಕ್ಕೆ ಕೆಲಸ ಮಾಡಿದ ಕಂಪೆನಿಯ ಜನರಿಂದಲೇ ಬಂದವು.

ಆ ಸಿನಿಮಾ 1982ರ ಟ್ರಾನ್. ಕಂಪ್ಯೂಟರಿನ ಒಳಗೆ ಸಿಕ್ಕಿಬಿದ್ದ ಮನುಷ್ಯನ ಕಥೆ. ಅದರ ಕಂಪ್ಯೂಟರ್ ದೃಶ್ಯಗಳನ್ನು ನಾಲ್ಕು ಕಂಪೆನಿಗಳು ಹಂಚಿಕೊಂಡಿದ್ದವು. ಅವುಗಳಲ್ಲಿ ಒಂದರ ಹೆಸರು ಮ್ಯಾಗಿ. ಹೌದು, ಮ್ಯಾಗಿಯೇ, ನೂಡಲ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಬೆಳಕಿನ ಗೋಡೆ ಎಳೆದುಕೊಂಡು ಓಡುವ ಆ ಪ್ರಸಿದ್ಧ ಬೈಕುಗಳು ಇವರದ್ದು.

ಮ್ಯಾಗಿ ಶುರುವಾಗಿದ್ದು ಸಿನಿಮಾಕ್ಕಾಗಿ ಅಲ್ಲ. ಅಣು ವಿಕಿರಣ ಒಂದು ಕವಚವನ್ನು ಎಷ್ಟು ದೂರ ಹೊಕ್ಕುತ್ತದೆ ಅಂತ ಲೆಕ್ಕ ಹಾಕುವ ಕೆಲಸ ಅವರದ್ದಾಗಿತ್ತು. ಒಂದು ವಿಕಿರಣದ ಗೆರೆ ಎಲ್ಲಿ ಲೋಹದೊಳಗೆ ಹೋಯಿತು, ಎಲ್ಲಿ ಹೊರಬಂತು, ನಡುವೆ ಎಷ್ಟು ದಪ್ಪ ದಾಟಿತು ಅಂತ ನೋಡಬೇಕು. ಆಮೇಲೆ ಅವರಲ್ಲಿ ಯಾರಿಗೋ ಹೊಳೆಯಿತು: ವಿಕಿರಣದ ಗೆರೆಯ ಬದಲು ಬೆಳಕಿನ ಗೆರೆ ಇಟ್ಟರೆ ಇದೇ ಲೆಕ್ಕ ಚಿತ್ರ ಬರೆಯುತ್ತದಲ್ಲ!

ಈ ಲೆಕ್ಕ ನನಗೆ ತುಂಬಾ ಇಷ್ಟ, ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಒಂದು ಗೆರೆ ಎಳೆಯಿರಿ. ಅದರ ದಾರಿಯಲ್ಲಿ ಒಂದು ಗೋಳ ಇದೆ. ಗೆರೆ ಮೂರನೇ ಅಂಗುಲದಲ್ಲಿ ಗೋಳದ ಒಳಗೆ ಹೋಗಿ ಒಂಬತ್ತನೇ ಅಂಗುಲದಲ್ಲಿ ಹೊರಗೆ ಬರುತ್ತದೆ. ಅದೇ ಜಾಗದಲ್ಲಿ ಒಂದು ಸಿಲಿಂಡರೂ ಇದೆ ಅನ್ನಿ. ಅದಕ್ಕೆ ಗೆರೆ ಐದರಲ್ಲಿ ಹೊಕ್ಕು ಏಳರಲ್ಲಿ ಹೊರಬರುತ್ತದೆ. ಗೋಳದಿಂದ ಸಿಲಿಂಡರನ್ನು ಕಳೆಯಬೇಕಾದರೆ ಏನು ಮಾಡಬೇಕು? ಮೂರರಿಂದ ಐದರವರೆಗೆ ಗಟ್ಟಿ, ಐದರಿಂದ ಏಳರವರೆಗೆ ಖಾಲಿ, ಏಳರಿಂದ ಒಂಬತ್ತರವರೆಗೆ ಮತ್ತೆ ಗಟ್ಟಿ. ಮುಗಿಯಿತು. ಹೀಗೆ ಚಿತ್ರದ ಪ್ರತಿ ಚುಕ್ಕೆಗೆ ಒಂದೊಂದು ಗೆರೆ ಕಳಿಸಿದರೆ ತೂತು ಬಿದ್ದ ಗೋಳ ಪರದೆಯ ಮೇಲೆ ಬಂದು ಕೂರುತ್ತದೆ. ಮೂರು ಆಯಾಮದ ಕಷ್ಟದ ಜ್ಯಾಮಿತಿ ಒಂದೇ ಗೆರೆಯ ಮೇಲಿನ ಕೂಡುವ ಕಳೆಯುವ ಲೆಕ್ಕವಾಯಿತು.

ನಮ್ಮ ಕಾಸರಗೋಡಿನ ಬಾಯಾರು, ಎಣ್ಮಕಜೆ ಕಡೆಯವರಿಗೆ ಈ ಕಳೆಯುವ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ನೀರಿಗಾಗಿ ಗುಡ್ಡೆಯೊಳಗೆ ಸುರಂಗ ತೋಡುವವರು ಗೋಡೆ ಕಟ್ಟುವುದಿಲ್ಲ, ಮಾಡು ಹೊದಿಸುವುದಿಲ್ಲ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡೆಯಿಂದ ಆಳು ಹೋಗುವಷ್ಟು ಎತ್ತರದ ಉದ್ದನೆಯ ತುಂಡೊಂದನ್ನು ಕಳೆಯುತ್ತಾರೆ, ಅಷ್ಟೆ. ಉಳಿದದ್ದೇ ಗೋಡೆ, ಉಳಿದದ್ದೇ ಮಾಡು.

ರೋಬ್ಲಾಕ್ಸ್‌ನ ಜಾಗಗಳನ್ನು ಕಟ್ಟುವ ತಂತ್ರಾಂಶವಾದ ರೋಬ್ಲಾಕ್ಸ್ ಸ್ಟುಡಿಯೋದಲ್ಲಿ ನೌಕೆಗೆ ದುಂಡು ಕಿಟಕಿ ಮಾಡುವ ಹುಡುಗ ಮಾಡುವುದೂ ಇದೇ. ಗೋಡೆಗೆ ಅಡ್ಡಲಾಗಿ ಒಂದು ಸಿಲಿಂಡರ್ ತೂರಿಸಿ ಇಡುತ್ತಾನೆ. ನೆಗೇಟ್ ಒತ್ತುತ್ತಾನೆ. ಸಿಲಿಂಡರ್ ತೆಳು ಗುಲಾಬಿ ಬಣ್ಣಕ್ಕೆ ತಿರುಗಿ ಗಾಜಿನ ಹಾಗೆ ಆಗುತ್ತದೆ. ಎರಡನ್ನೂ ಒಟ್ಟಿಗೆ ಹಿಡಿದು ಯೂನಿಯನ್ ಒತ್ತಿದರೆ ಸಿಲಿಂಡರ್ ಇದ್ದ ಜಾಗದಲ್ಲಿ ತೂತು. ರೋಬ್ಲಾಕ್ಸ್ ಒಳಗಡೆ ಗೆರೆ ಕಳಿಸುವುದಿಲ್ಲ, ಉಳಿದ ಆಕಾರವನ್ನು ತ್ರಿಕೋನಗಳ ಬಲೆಯಾಗಿ ಹೆಣೆದುಕೊಳ್ಳುತ್ತದೆ. ಆದರೆ ಯೋಚನೆ ಅದೇ. ನಮ್ಮ ಕೇರಳದ ಶಾಲೆಗಳ ಐಟಿ ಕ್ಲಬ್ಬಾದ ಲಿಟಲ್ ಕೈಟ್ಸ್‌ನ ಶಿಬಿರದಲ್ಲಿ ಬ್ಲೆಂಡರ್ ಅನ್ನುವ ಮೂರು ಆಯಾಮದ ಚಿತ್ರದ ತಂತ್ರಾಂಶ ಕಲಿತ ಮಕ್ಕಳಿಗೆ ಇದು ಬೂಲಿಯನ್ ಅನ್ನುವ ಹೆಸರಲ್ಲಿ ಗೊತ್ತು. 19ನೇ ಶತಮಾನದಲ್ಲಿ ತರ್ಕವನ್ನು ಬೀಜಗಣಿತದ ದಾರಿಗೆ ತಂದ ಜಾರ್ಜ್ ಬೂಲ್ ಅವರ ಹೆಸರು ಅದು. ಶಾಲೆಯ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ರೋಬ್ಲಾಕ್ಸ್ ಸ್ಟುಡಿಯೋ ವಿಂಡೋಸ್ ಇಲ್ಲವೇ ಮ್ಯಾಕ್ ಕೇಳುತ್ತದೆ. ಅಲ್ಲಿಗೆ ಮನೆಯಲ್ಲಿ ಅಣ್ಣನದ್ದೋ ಅಪ್ಪನದ್ದೋ ಲ್ಯಾಪ್‌ಟಾಪಿಗೆ ಗಲಾಟೆ ಶುರು.

ಟ್ರಾನ್ ಕಾಲದಲ್ಲಿ ಗಲಾಟೆಗೂ ಅವಕಾಶ ಇರಲಿಲ್ಲ. ಬೈಕನ್ನು ಮೌಸಿನಿಂದ ಎಳೆಯುವ ಹಾಗಿರಲಿಲ್ಲ. ಒಂದು ವಸ್ತು ಎಲ್ಲಿದೆ ಅನ್ನುವುದಕ್ಕೆ ಮೂರು ಸಂಖ್ಯೆ, ಯಾವ ಕಡೆಗೆ ತಿರುಗಿದೆ ಅನ್ನುವುದಕ್ಕೆ ಮೂರು. ಸಿನಿಮಾಕ್ಕೆ ಸೆಕೆಂಡಿಗೆ 24 ಚಿತ್ರ ಬೇಕು. ಹಾಗಾದರೆ ಒಂದು ಬೈಕು ನಾಲ್ಕು ಸೆಕೆಂಡು ಓಡುವುದಕ್ಕೆ 576 ಸಂಖ್ಯೆ! ಅನಿಮೇಟರುಗಳು ಇವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು ಒಂದೊಂದಾಗಿ ಕಂಪ್ಯೂಟರಿಗೆ ಕೊಡಬೇಕಿತ್ತು. ಇವತ್ತು ಮಗು ಬೆರಳಿನಿಂದ ನೌಕೆಯನ್ನು ಸರಿಸಿ ತಿರುಗಿಸಿದಾಗಲೂ ಒಳಗೆ ಬದಲಾಗುವುದು ಇದೇ ಆರು ಅಳತೆಗಳು.

ಇಷ್ಟೆಲ್ಲ ಕಷ್ಟಪಟ್ಟರೂ ಟ್ರಾನ್‌ನ ಲೋಕದಲ್ಲಿ ಒಂದು ಚಿಟಿಕೆ ಮಣ್ಣು ಕಾಣುವುದಿಲ್ಲ, ಗಮನಿಸಿದ್ದೀರಾ? ಎಲ್ಲ ನುಣುಪು. ದೂರದ್ದೆಲ್ಲ ಕಪ್ಪು. ಯಂತ್ರಕ್ಕೆ ಶಕ್ತಿ ಸಾಲದ ಕಾರಣ ದೂರದ ವಸ್ತುಗಳನ್ನು ಕಪ್ಪಿನಲ್ಲಿ ಕರಗಿಸಿಬಿಟ್ಟಿದ್ದರು. ಕಥೆಯೇ ಕಂಪ್ಯೂಟರಿನ ಒಳಗೆ ನಡೆಯುವುದರಿಂದ ಅದು ಹೊಂದಿಕೊಂಡಿತು. ಆದರೆ ಮ್ಯಾಗಿಯಲ್ಲಿದ್ದ ಕೆನ್ ಪರ್ಲಿನ್ ಅನ್ನುವ ತರುಣನಿಗೆ ಈ ನುಣುಪು ತಡೆಯಲಾಗಲಿಲ್ಲ. ಎಲ್ಲ ಯಂತ್ರದಿಂದ ಬಂದ ಹಾಗೆಯೇ ಕಾಣುತ್ತದಲ್ಲ ಅನ್ನುವುದು ಅವರ ಕೊರಗು. ಸಿನಿಮಾ ಮುಗಿದ ಮೇಲೆ ಅವರು ಒಂದು ಜಾಗದ ಸಂಖ್ಯೆ ಕೊಟ್ಟರೆ ಅಲ್ಲಿನ ಏರಿಳಿತ ಹೇಳುವ ಲೆಕ್ಕವೊಂದನ್ನು ಕಟ್ಟಿದರು, 1985ರಲ್ಲಿ ಪ್ರಕಟಿಸಿದರು. ಅದನ್ನು ಜಗತ್ತು ಈಗ ಪರ್ಲಿನ್ ನಾಯ್ಸ್ ಅನ್ನುತ್ತದೆ. ಇದಕ್ಕಾಗಿ 1997ರಲ್ಲಿ ಆಸ್ಕರ್ ಕೊಡುವ ಅಕಾಡೆಮಿಯಿಂದ ತಾಂತ್ರಿಕ ಪ್ರಶಸ್ತಿಯೂ ಬಂತು. ಚೌಕ ಗಟ್ಟಿಗಳಿಂದ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಆಟದ ಬೆಟ್ಟಗಳ ಬುಡದಲ್ಲಿರುವುದು ಇದೇ. ರೋಬ್ಲಾಕ್ಸ್‌ನಲ್ಲಂತೂ ಮ್ಯಾತ್ ಡಾಟ್ ನಾಯ್ಸ್ ಅಂತ ಬರೆದರೆ ನೇರವಾಗಿ ಸಿಗುತ್ತದೆ.

ನನ್ನ ಅಕ್ಕನ ಮಗ ಪೆರ್ಲದಲ್ಲಿ ಓದುತ್ತಾನೆ. ಅವನಿಗೆ ಮಂಗಳ ಗ್ರಹ ಬೇಕಿತ್ತು, ಸಿನಿಮಾಗಳಲ್ಲಿ ಬರುವ ಥರದ್ದು. ಕೆಂಪು ನೆಲ, ಗುಡ್ಡೆ, ಮಧ್ಯೆ ಒಂದು ಒಂಟಿ ಗುಡಾರ. ನೆಲದ ಬಣ್ಣಕ್ಕೆ ಅವನು ದೂರ ಹೋಗಲಿಲ್ಲ, ಮನೆ ಹಿಂದಿನ ಪಾರೆಯ, ಅಂದರೆ ಮುರಕಲ್ಲಿನ ಬಯಲಿನ, ಫೋಟೋ ತೆಗೆದು ಅದರ ಬಣ್ಣವನ್ನೇ ಹಾಕಿದ. ಅದು ಸರಿಯಾದ ಆಯ್ಕೆಯೇ. ಮಂಗಳ ಕೆಂಪಾಗಿರುವುದು ಕಬ್ಬಿಣದ ಆಕ್ಸೈಡುಗಳಿಂದ, ನಮ್ಮ ಮುರಕಲ್ಲು ಕೆಂಪಾಗಿರುವುದೂ ಅದರಿಂದಲೇ. ಆದರೆ ಗುಡ್ಡೆ ಬರಲಿಲ್ಲ. "ಮಾವಾ, ಲ್ಯಾಪ್‌ಟಾಪು ಹಾಳಾಗಿದೆಯಾ ಎಂತ? ಎಲ್ಲ ಚಪ್ಪಟೆ" ಅಂದ. ನೋಡಿದೆ. ನಿಜಕ್ಕೂ ಚಪ್ಪಟೆ, ನೀರು ಚೆಲ್ಲಿದರೆ ಎಲ್ಲಿಗೂ ಹರಿಯದಷ್ಟು. ಅವನು ನಾಯ್ಸ್‌ಗೆ ಒಂದು, ಎರಡು, ಮೂರು ಅಂತ ಪೂರ್ಣ ಸಂಖ್ಯೆಗಳನ್ನೇ ಕೊಡುತ್ತಾ ಹೋಗಿದ್ದ. ಪೂರ್ಣ ಸಂಖ್ಯೆ ಕೊಟ್ಟರೆ ಪರ್ಲಿನ್ ನಾಯ್ಸ್ ಯಾವಾಗಲೂ ಸೊನ್ನೆ ಹೇಳುತ್ತದೆ. ಯಾಕೆ ಅನ್ನುವುದರಲ್ಲೇ ಅದರ ಗುಟ್ಟು ಇದೆ.

ಸುಮ್ನೆ ಒಂದೊಂದು ಜಾಗಕ್ಕೆ ಒಂದೊಂದು ಎತ್ತರವನ್ನು ಪಗಡೆ ಉರುಳಿಸಿ ಕೊಟ್ಟರೆ ಗುಡ್ಡೆ ಆಗುವುದಿಲ್ಲ, ಮುಳ್ಳಿನ ಹಾಸಿಗೆ ಆಗುತ್ತದೆ. ಗುಡ್ಡೆ ಅಂದರೆ ಪಕ್ಕದ ಜಾಗದ ಎತ್ತರವೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಪರ್ಲಿನ್ ಎತ್ತರವನ್ನು ಪಗಡೆಗೆ ಬಿಡಲಿಲ್ಲ, ಇಳಿಜಾರನ್ನು ಬಿಟ್ಟರು. ಪೂರ್ಣ ಸಂಖ್ಯೆಯ ಪ್ರತಿ ಜಾಗದಲ್ಲಿ ನೆಲ ಯಾವ ಕಡೆಗೆ ಎಷ್ಟು ವಾಲಿದೆ ಅನ್ನುವುದಷ್ಟೇ ಮನಬಂದಂತೆ ಬರುತ್ತದೆ. ಅಲ್ಲಿ ಎತ್ತರ ಸೊನ್ನೆ. ಅಲ್ಲಿಂದ ದೂರ ಹೋದಷ್ಟೂ ವಾಲುವಿಕೆಯ ಪ್ರಕಾರ ಏರುತ್ತದೆ ಇಲ್ಲವೇ ಇಳಿಯುತ್ತದೆ.

ಒಂದು ಗೆರೆಯ ಮೇಲೆ ನೋಡಿ. ಸೊನ್ನೆಯ ಜಾಗದಲ್ಲಿ ಇಳಿಜಾರು 2, ಒಂದರ ಜಾಗದಲ್ಲಿ -1. ಸರಿಯಾಗಿ ಮಧ್ಯದಲ್ಲಿ, ಅಂದರೆ 0.5ರಲ್ಲಿ ಎತ್ತರ ಎಷ್ಟು? ಎಡಗಡೆಯವನು 2 × 0.5, ಅಂದರೆ 1 ಅನ್ನುತ್ತಾನೆ. ಬಲಗಡೆಯವನಿಂದ ನಾವು 0.5 ಹಿಂದೆ ಇದ್ದೇವೆ, ಅವನು -1 × -0.5, ಅಂದರೆ 0.5 ಅನ್ನುತ್ತಾನೆ. ಮಧ್ಯದಲ್ಲಿ ಇಬ್ಬರ ಮಾತಿಗೂ ಸಮ ತೂಕ. ಉತ್ತರ 0.75. ಎಡಕ್ಕೆ ಸರಿದರೆ ಎಡದವನ ಮಾತಿಗೆ ತೂಕ ಜಾಸ್ತಿ, ಬಲಕ್ಕೆ ಸರಿದರೆ ಬಲದವನದ್ದು. ಈ ತೂಕ ಒಮ್ಮೆಲೇ ಬದಲಾಗುವುದಿಲ್ಲ, ನಿಧಾನವಾಗಿ ಶುರುವಾಗಿ ನಿಧಾನವಾಗಿ ನಿಲ್ಲುತ್ತದೆ. ಹಾಗಾಗಿ ಗುಡ್ಡೆಗೆ ಮೂಲೆ ಮೂಡುವುದಿಲ್ಲ.

ಹುಡುಗ ಮಾಡಬೇಕಾಗಿದ್ದು ಇಷ್ಟೇ: ಸಂಖ್ಯೆಗಳನ್ನು 20ರಿಂದ ಭಾಗಿಸಿ ಕೊಡುವುದು. ಆಗ ಎರಡು ಪೂರ್ಣ ಸಂಖ್ಯೆಗಳ ನಡುವೆ ಇಪ್ಪತ್ತು ಹೆಜ್ಜೆ ಸಿಗುತ್ತದೆ. ಭಾಗಿಸಿದ, ಗುಡ್ಡೆ ಎದ್ದಿತು. ಆದರೆ ತೀರಾ ಉರುಟು, ಹಂಡೆ ಕವುಚಿ ಹಾಕಿದ ಹಾಗೆ. ಅದಕ್ಕೂ ಉಪಾಯ ಇದೆ. ಅದೇ ಲೆಕ್ಕವನ್ನು ಅರ್ಧ ಅಗಲದಲ್ಲಿ ಇನ್ನೊಮ್ಮೆ ಮಾಡಿ, ಅರ್ಧ ಎತ್ತರ ಕೊಟ್ಟು ಮೇಲೆ ಕೂಡಿಸುವುದು. ಆಮೇಲೆ ಕಾಲು ಅಗಲ, ಕಾಲು ಎತ್ತರ. ಮೊದಲನೆಯದು ಗುಡ್ಡೆ, ಎರಡನೆಯದು ದಿಬ್ಬ, ಮೂರನೆಯದು ಬಂಡೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಕಾಲಿಗೆ ಚುಚ್ಚುವ ಕಲ್ಲು. ಮಂಗಳ ಬಂತು. ಅವನ ಅಜ್ಜಿ ಬಂದು ನೋಡಿ, "ಇದು ನಮ್ಮ ಪಾರೆಯೇ ಅಲ್ವಾ? ಹುಲ್ಲು ಮಾತ್ರ ಇಲ್ಲ" ಅಂದರು.

ಇದರಲ್ಲಿ ಅದೃಷ್ಟದ ಆಟ ಒಂಚೂರೂ ಇಲ್ಲ ಅನ್ನುವುದನ್ನೂ ಹೇಳಬೇಕು. ಇಳಿಜಾರುಗಳು ಮನಬಂದಂತೆ ಕಂಡರೂ ಅವು ಮೊದಲೇ ಬರೆದಿಟ್ಟ ಒಂದು ಪಟ್ಟಿಯಿಂದ ಬರುತ್ತವೆ. ಅದೇ ಸಂಖ್ಯೆ ಕೊಟ್ಟರೆ ಅದೇ ಗುಡ್ಡೆ, ಇವತ್ತೂ, ಹತ್ತು ವರ್ಷ ಬಿಟ್ಟೂ. ಮೈನ್‌ಕ್ರಾಫ್ಟ್ ಆಡುವವರು ಬೀಜದ ಸಂಖ್ಯೆ (ಸೀಡ್), ಅಂದರೆ ಇಡೀ ಲೋಕ ಯಾವುದರಿಂದ ಹುಟ್ಟುತ್ತದೋ ಆ ಸಂಖ್ಯೆ, ಹಂಚಿಕೊಳ್ಳುವುದು ಇದಕ್ಕೇ. ಆಟದ ಆವೃತ್ತಿ ಒಂದೇ ಆಗಿದ್ದರೆ ಕುಂಬಳೆಯ ಹುಡುಗಿ ಆ ಸಂಖ್ಯೆಯೊಂದನ್ನು ಕಳಿಸಿದರೆ ಸಾಕು, ಮೈಸೂರಿನ ಗೆಳತಿಯ ಮೊಬೈಲಿನಲ್ಲಿ ಅದೇ ಬೆಟ್ಟ, ಅದೇ ಕೊಳ್ಳ ಹುಟ್ಟುತ್ತದೆ. ಬೆಟ್ಟವನ್ನು ಕಳಿಸಬೇಕಾಗಿಲ್ಲ.

ಇಂಥ ಗುಡ್ಡೆಗಳಲ್ಲಿ ಮಕ್ಕಳಿಗೆ ಮುಖಗಳು ಕಾಣುತ್ತವೆ. ಮೈನ್‌ಕ್ರಾಫ್ಟ್‌ನಲ್ಲಿ ಬಿಳಿ ಕಣ್ಣಿನ ಹೀರೋಬ್ರೈನ್ ಅನ್ನುವ ದೆವ್ವ ಇದೆ ಅಂತ 2010ರಿಂದ ಒಂದು ಪುಕಾರು ಓಡಾಡುತ್ತಿದೆ. ಆಟದಲ್ಲಿ ಅದು ಯಾವತ್ತೂ ಇರಲಿಲ್ಲ. ಆಟ ಮಾಡಿದವರು ಹೊಸ ಆವೃತ್ತಿಯ ಟಿಪ್ಪಣಿಯಲ್ಲಿ 'ಹೀರೋಬ್ರೈನ್‌ನನ್ನು ತೆಗೆದಿದ್ದೇವೆ' ಅಂತ ತಮಾಷೆಗೆ ಬರೆಯುತ್ತಾ ಹೋದರು, ಪುಕಾರಿಗೆ ಇನ್ನಷ್ಟು ಗಾಳಿ ಸಿಕ್ಕಿತು. ದೊಡ್ಡವರೇನು ಕಮ್ಮಿಯಲ್ಲ. 1976ರಲ್ಲಿ ವೈಕಿಂಗ್ 1 ನೌಕೆ ಮಂಗಳದ ಸೈಡೋನಿಯಾ ಪ್ರದೇಶದಲ್ಲಿ ಮನುಷ್ಯನ ಮುಖದಂಥ ಗುಡ್ಡೆಯ ಫೋಟೋ ಕಳಿಸಿತು. ಅದು ನೆರಳಿನ ಆಟ ಅಂತ ನಾಸಾ ಆಗಲೇ ಹೇಳಿತ್ತು. ಕೇಳಿದವರು ಯಾರು? ಅನ್ಯಗ್ರಹದವರು ಕೆತ್ತಿದ್ದು ಅಂತ ಪುಸ್ತಕಗಳೇ ಬಂದವು. 1998ರಲ್ಲಿ, ಮತ್ತೆ 2001ರಲ್ಲಿ ಮಾರ್ಸ್ ಗ್ಲೋಬಲ್ ಸರ್ವೇಯರ್ ಹತ್ತಿರದಿಂದ ಸ್ಪಷ್ಟ ಚಿತ್ರ ತೆಗೆದಾಗ ಮೂಗೂ ಇಲ್ಲ, ಬಾಯಿಯೂ ಇಲ್ಲ, ಸವೆದ ಒಂದು ಗುಡ್ಡೆ ಅಷ್ಟೆ. ಮುರಕಲ್ಲಿನ ಗುಂಡಿಯನ್ನು ಭೀಮನ ಹೆಜ್ಜೆ ಅಂತ ತೋರಿಸುವವರು ನಮ್ಮಲ್ಲೂ ಇದ್ದಾರೆ. ಆ ಗುಂಡಿ ಮಾಡಿದ್ದು ಮಳೆ ನೀರು. ಮುಖ ಹುಡುಕುವುದು ನಮ್ಮ ಮಿದುಳಿನ ಕಸುಬು, ಅದಕ್ಕೆ ಪರ್ಲಿನ್ ನಾಯ್ಸ್ ಆದರೂ ಆಯಿತು, ಪಾರೆಯಾದರೂ ಆಯಿತು.

ಇನ್ನು ಒಂದು ವಿಷಯದಲ್ಲಿ ಸಿನಿಮಾ ಮೋಸ ಮಾಡಬಹುದು, ಆಟ ಮಾಡುವ ಹಾಗಿಲ್ಲ. ಅದು ಗುರುತ್ವ. ಸಿನಿಮಾದವರು ಚಂದ್ರನ ಮೇಲಿನ ನಡಿಗೆ ತೋರಿಸಲು ನಟನನ್ನು ತಂತಿಗೆ ತೂಗುಹಾಕಿ, ಚಿತ್ರವನ್ನು ನಿಧಾನ ಓಡಿಸಿದರೆ ಆಯಿತು. ಆಟದಲ್ಲಿ ಒಂದು ಸಂಖ್ಯೆ ಕೊಡಲೇಬೇಕು. ರೋಬ್ಲಾಕ್ಸ್‌ನಲ್ಲಿ ಗುರುತ್ವ ಮೊದಲಿಗೆ 196.2 ಇರುತ್ತದೆ. ಚಂದ್ರನಲ್ಲಿ ಭೂಮಿಯ ಆರನೇ ಒಂದು ಪಾಲು ಅಂತ ಪಾಠದಲ್ಲಿ ಓದಿದ ಮಕ್ಕಳು ಅದನ್ನು ಆರರಿಂದ ಭಾಗಿಸಿ 32.7 ಹಾಕುತ್ತಾರೆ. ಇಲ್ಲೇ ಇರುವುದು ತಮಾಷೆ. ರೋಬ್ಲಾಕ್ಸ್‌ನ ಅಳತೆಯ ಮಾನ ಸ್ಟಡ್, ಒಂದು ಸ್ಟಡ್ ಅಂದರೆ 28 ಸೆಂಟಿಮೀಟರ್. ಆ ಲೆಕ್ಕದಲ್ಲಿ ನಿಜವಾದ ಭೂಮಿಯ ಗುರುತ್ವ ಸುಮಾರು 35. ಅಂದರೆ ಮಕ್ಕಳ ಚಂದ್ರ ಹೆಚ್ಚುಕಡಿಮೆ ಕಾಸರಗೋಡೇ! ಅವರು ದಿನಾ ಆಡುವ ಮಾಮೂಲಿ ನೆಲ ಭೂಮಿಗಿಂತ ಐದೂವರೆ ಪಟ್ಟು ಜೋರಾಗಿ ಎಳೆಯುತ್ತಿರುತ್ತದೆ. ಜಿಗಿದವನು ತಟ್ಟನೆ ಇಳಿದರೆ ಆಟ ಚುರುಕು ಅನ್ನಿಸುತ್ತದೆ, ಗೊಂಬೆಗಳಿಗೆ ಅದು ಒಗ್ಗುತ್ತದೆ.

ನಿಜವಾದ ಚಂದ್ರ ಬೇಕು ಅಂದರೆ 5.8 ಹಾಕಿ. ಜಂಪ್ ಪವರ್, ಅಂದರೆ ಜಿಗಿತದ ಜೋರಿನ ಸಂಖ್ಯೆ, ಮೊದಲಿನ 50ರಲ್ಲೇ ಇರಲಿ. ಈಗ ಜಿಗಿದರೆ ಗೊಂಬೆ ಅರವತ್ತು ಮೀಟರ್ ಮೇಲೆ ಹೋಗಿ, ಕೆಳಗೆ ಬರಲು ಒಟ್ಟು 17 ಸೆಕೆಂಡು ತೆಗೆದುಕೊಳ್ಳುತ್ತದೆ. ಅಕ್ಕನ ಮಗ ಇದನ್ನು ಮಾಡಿ ನೋಡಿದ. ಗೆಳೆಯರು ಮೇಲೆ ಹೋದವರು ಬರುವುದನ್ನು ಕಾಯಲಾರದೆ ಬೈದರು. ಅವನೀಗ 32.7ಕ್ಕೇ ವಾಪಸ್ ಬಂದಿದ್ದಾನೆ.